ಕಾಲಡಿಯ ಮೊಟ್ಟೆ

"ಕೊಡಿ ಇಲ್ಲಿ, ಚೆಲ್ಲಿಬಿಡ್ತೀರಿ," ಅಂತ ಅತ್ತಿಗೆ ಬಾಟಲಿಗೆ ಕೈಚಾಚಿದಳು.

ಅಣ್ಣ ಕೊಡಲಿಲ್ಲ. ಕೆಮ್ಮಿನ ಔಷಧಿಯ ಹಳೇ ಕಂದು ಬಾಟಲಿ ಅದು. ಅದರ ಬಾಯನ್ನು ಕಾರಿನ ಟ್ಯಾಂಕಿನ ಬಾಯಿಗೆ ಹಿಡಿಯಲು ಹೋದ. ಕೈ ನಡುಗಿ ಗಾಜು ತಗಡಿಗೆ ತಾಗಿ, ಚಳಿಯಲ್ಲಿ ಹಲ್ಲು ಕಟಕಟಿಸುವ ಹಾಗೆ ಸದ್ದಾಯಿತು. ಪೆಟ್ರೋಲ್ ಪಂಪಿನಲ್ಲಿ ಹಿಂದೆ ನಿಂತಿದ್ದ ಸ್ಕೂಟರಿನವನು ಕತ್ತು ಉದ್ದ ಮಾಡಿ ನೋಡಿದ. ಅವನು ನೋಡಿದ್ದನ್ನು ಅಣ್ಣ ನೋಡಿದ. ಬಾಟಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಏನೋ ನೆನಪಾದವನ ಹಾಗೆ ಚಕ್ರದ ಗಾಳಿ ಪರೀಕ್ಷಿಸಲು ಕುಕ್ಕರಗಾಲಲ್ಲಿ ಕೂತ.

ಅತ್ತಿಗೆ ಒಂದು ಹನಿಯೂ ಹೊರಗೆ ಬೀಳದ ಹಾಗೆ ಸುರಿದು, ಥಟ್ಟನೆ ಮುಚ್ಚಳ ತಿರುಗಿಸಿ, ಖಾಲಿ ಬಾಟಲಿಯನ್ನು ಚೀಲದ ತಳಕ್ಕೆ ಸೇರಿಸಿದಳು.

"ಈಗ ತುಂಬಿಸಮ್ಮ. ಬಾಯಿ ತನಕ," ಅಂದ ತಮ್ಮ ಪಂಪಿನಾಕೆಗೆ.

ಕಾರು ತಮ್ಮನದು. ಬಾಡಿಗೆಗೆ ಓಡಿಸಿ ಹೊಟ್ಟೆ ಹೊರೆಯುವ ಕಾರು. ಬಾಟಲಿಯೊಳಗಿನ ಔಷಧಿ ಅಣ್ಣನದು, ಅವನೇ ಕಂಡುಹಿಡಿದದ್ದು. ಪೆಟ್ರೋಲಿಗೆ ಇಷ್ಟು ಬೆರೆಸಿದರೆ ಗಾಡಿ ಅಷ್ಟೇ ಪೆಟ್ರೋಲಿನಲ್ಲಿ ಇನ್ನೂ ದೂರ ಓಡುತ್ತದೆ ಅನ್ನುವುದು ಅವನ ಮಾತು. ವರ್ಷದಿಂದ ಆ ಮಾತು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

"ಕುಲುಕೋ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತೆ," ಅಂದ ಅಣ್ಣ.

ತಮ್ಮ ಕಾರಿನ ಹಿಂಬದಿಗೆ ಸೊಂಟ ಕೊಟ್ಟು ಅತ್ತ ಇತ್ತ ಅಲ್ಲಾಡಿಸಿದ. ಟ್ಯಾಂಕಿನೊಳಗೆ ಗುಳುಗುಳು ಅಂತ ಸದ್ದಾಗಿ, ಬಾಯಿಯವರೆಗೆ ಬಂದಿದ್ದ ಪೆಟ್ರೋಲು ಒಂದು ಗುಟುಕು ಕೆಳಗಿಳಿಯಿತು.

"ಏನ್ರಪ್ಪಾ ಇದು, ಮಗೂಗೆ ಹಾಲು ಕುಡಿಸಿ ತೇಗು ಬರಿಸೋ ಹಾಗೆ!" ಅಂದಳು ಪಂಪಿನಾಕೆ. "ಹಿಂದೆ ಸಾಲು ನೋಡಿ. ಆ ಮಕ್ಕಳಿಗೂ ಹಸಿವಾಗಿದೆ."

"ಇನ್ನೊಂದೇ ತೇಗು ತಾಯಿ. ಸಾಯಂಕಾಲ ಬಂದು ಹೀಗೇ ತುಂಬಿಸ್ತೀವಿ. ಎಷ್ಟು ಹಿಡಿಯುತ್ತೋ ಅಷ್ಟು ಕುಡಿದಿದೆ ಅಂತ ಲೆಕ್ಕ," ಅಂದ ತಮ್ಮ.

"ಇದೇ ಪಂಪಿಗೇ ಬರಬೇಕಾ?"

"ಇದೇ ಪಂಪು, ಇದೇ ನಳಿಗೆ, ಸಾಧ್ಯವಾದ್ರೆ ತುಂಬಿಸೋದೂ ನೀನೇ," ಅಂದ ಅಣ್ಣ.

"ಅಯ್ಯೋ, ಮದುವೆ ಸಂಬಂಧಕ್ಕೂ ಇಷ್ಟು ನೋಡಲ್ಲ ಜನ," ಅಂತ ಅವಳು ನಕ್ಕು ಮತ್ತೆ ನಳಿಗೆ ಒತ್ತಿದಳು.

ನಗುವ ಮಾತೇ. ಆದರೆ ಅಣ್ಣನಿಗೆ ಇದು ನಗುವ ಕೆಲಸವಾಗಿರಲಿಲ್ಲ. ಹೋದ ವಾರ ಔಷಧಿ ಹಾಕದೆ ಒಂದು ಸಲ ಓಡಿಸಿ ನೋಡಿದ್ದಾಗಿತ್ತು. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಬಂದಿತ್ತು. ಅವತ್ತಿನ ಹಾಗೇ ಇವತ್ತೂ ಎಲ್ಲ ಇರಬೇಕು ಅಂತ ಅವನ ಹಟ. ಅದೇ ದಾರಿ, ದೊಡ್ಡ ಸೇತುವೆ ಮುಟ್ಟಿ ವಾಪಸ್ಸು. ಅದೇ ಹೊತ್ತು. ಚಕ್ರದಲ್ಲಿ ಅಷ್ಟೇ ಗಾಳಿ. ಅವತ್ತು ಅತ್ತಿಗೆ ಸಾಕ್ಷಿಗೆಂದು ಹಿಂದಿನ ಸೀಟಿನಲ್ಲಿ ಕೂತಿದ್ದಳು, ಹಾಗಾಗಿ ಇವತ್ತೂ ಅವಳೇ ಕೂರಬೇಕು, ಭಾರ ವ್ಯತ್ಯಾಸ ಆಗಬಾರದು. "ನೀರಿನ ಬಾಟ್ಲಿ ಅವತ್ತು ಇತ್ತಾ? ಇತ್ತು ಅಂದ್ರೆ ಇವತ್ತೂ ಇರ್ಲಿ. ಕುಡೀಬೇಡಿ," ಅಂದಿದ್ದ.

ಕಿಟಕಿಗೆ ಬಗ್ಗಿ ತಮ್ಮನಿಗೆ ಮೆಲ್ಲಗೆ ಹೇಳಿದ. "ಹದಿನಾರು ದಾಟಲಿ ಸಾಕು. ಟೈರ್ ಅಂಗಡಿಯವನು ಇವತ್ತು ಸಾಯಂಕಾಲ ಬರ್ತಾನೆ. ಶೆಡ್ಡು ಅವನಿಗೆ ಬಿಟ್ಟುಕೊಟ್ಟು, ಬಂದ ದುಡ್ಡಲ್ಲಿ ಪೀಪಾಯಿ, ಬಾಟ್ಲಿ, ಅಂಟಿಸೋ ಚೀಟಿ ಎಲ್ಲಾ ತಂದು ಔಷಧಿ ಮಾರೋಕೆ ಶುರು ಮಾಡಿಬಿಡೋಣ. ಔಷಧಿ ಬೆರೆಸೋಕೆ ಕೈ ನೆಟ್ಟಗಿರಬೇಕು ಅಂತೇನಿಲ್ಲ ಕಣೋ. ನಡುಗಿದರೆ ಇನ್ನೂ ಚೆನ್ನಾಗಿ ಬೆರೆಯುತ್ತೆ."

ತನ್ನ ಜೋಕಿಗೆ ತಾನೇ ನಕ್ಕ. ಹಿಂದಿನ ಸೀಟಿನಲ್ಲಿ ಅತ್ತಿಗೆ ಚೀಲವನ್ನು ತೊಡೆಯ ಮೇಲಿಂದ ಎತ್ತಿ ಎದೆಗೆ ಒತ್ತಿಕೊಂಡಳು.

ಶೆಡ್ಡು ಅಂದರೆ ಬರೀ ಕಾರು ರಿಪೇರಿಯ ಶೆಡ್ಡಲ್ಲ. ಅದರ ಹಿಂದಿನ ಎರಡು ಕೋಣೆಯೇ ಅವರ ಮನೆ. ಮುಂದೆ ಗುಂಡಿ, ಗುಂಡಿಯ ಮೇಲೆ ಕಾರು, ಕಾರಿನ ಕೆಳಗೆ ಅಣ್ಣ. ಹೀಗೇ ಬದುಕು ಸಾಗಿತ್ತು. ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ ಅವನು. ಆಮೇಲೆ ಕೈಗೆ ಈ ನಡುಕ ಬಂತು. ಮೊದಮೊದಲು ನಟ್ಟು ತಿರುಗಿಸುವ ಪಾನೆ ಜಾರುತ್ತಿತ್ತು, ಅದಕ್ಕೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡ. ಒಂದು ದಿನ ಒಬ್ಬ ಗಿರಾಕಿ, ಬೋಲ್ಟಿಗೆ ನಟ್ಟು ಕೂರಿಸಲು ಇವನು ಒದ್ದಾಡುವುದನ್ನು ನೋಡುತ್ತಲೇ ನಿಂತಿದ್ದು, ಕೊನೆಗೆ ಒಂದು ಮಾತೂ ಆಡದೆ ಕೀಲಿಕೈ ಎತ್ತಿಕೊಂಡು ಹೋದ. ಮಾತು ಕಾಲಿಲ್ಲದೆ ಓಡುತ್ತದೆ. ವಾರದೊಳಗೆ ಗುಂಡಿಯ ಮೇಲೆ ಕಾರು ನಿಲ್ಲುವುದು ನಿಂತಿತು. "ಇದು ಹೋಗೋದಲ್ಲ, ಜೊತೆಗೇ ಇರೋದು," ಅಂದಿದ್ದರು ಡಾಕ್ಟರು. ಈಗ ಅತ್ತಿಗೆ ಅವನಿಗೆ ಟೀ ಕೊಡುವಾಗ ಲೋಟ ಅರ್ಧವೇ ತುಂಬಿಸುತ್ತಾಳೆ. ಯಾಕೆ ಅರ್ಧ ಅಂತ ಅವನು ಕೇಳುವುದಿಲ್ಲ.

ಊರು ದಾಟಿದ ಮೇಲೆ ತಮ್ಮ ಹೇಳಿದ. "ಅತ್ತಿಗೆ, ಕೇಳಿಸ್ಕೊಳ್ಳಿ. ಎಂಜಿನ್ ಸದ್ದೇ ಬೇರೆ ಇದೆ ಇವತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ."

"ಹೂಂ," ಅಂದಳು ಅತ್ತಿಗೆ.

"ನಾನೂ ಮೊದಲು ನಂಬಿರಲಿಲ್ಲ. ಅಣ್ಣನಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ನಿಜ ಹೇಳ್ತೀನಿ, ನೀವೂ ಹಾಗೇ ಅಂದ್ಕೊಂಡಿದ್ರಿ."

"ರಸ್ತೆ ನೋಡಿ ಓಡ್ಸಪ್ಪ."

ಅವನು ರಸ್ತೆ ನೋಡಿಯೇ ಓಡಿಸಿದ. ಮುಂದೆ ದಿಣ್ಣೆ ಕಂಡರೆ ದೂರದಿಂದಲೇ ಆಕ್ಸಿಲರೇಟರಿನಿಂದ ಕಾಲು ಎತ್ತಿದ. ಇಳಿಜಾರಿನಲ್ಲಿ ಕಾರು ತಾನಾಗಿ ಜಾರಲು ಬಿಟ್ಟ. ಏರಿನಲ್ಲಿ ಮಲಗಿದ ಮಗುವಿನ ಕೋಣೆಯಲ್ಲಿ ನಡೆಯುವವನ ಹಾಗೆ ಏರಿದ. ಸೆಕೆಗೆ ಬೆನ್ನು ಸೀಟಿಗೆ ಅಂಟುತ್ತಿತ್ತು, ಆದರೂ ಏಸಿ ಹಾಕಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಹೋದ ವಾರ ಇದೇ ರಸ್ತೆಯಲ್ಲಿ, ಸಾಯಂಕಾಲಕ್ಕೆ ಬಾಡಿಗೆ ಕಾಯುತ್ತಿದೆ ಅಂತ, ಎದುರಿಗೆ ಬಂದವರನ್ನೆಲ್ಲ ಬೈಯುತ್ತ ಗಾಳಿಯ ಹಾಗೆ ಓಡಿಸಿದ್ದ. ಇವತ್ತು ಹಿಂದಿನಿಂದ ಒಬ್ಬ ಲಾರಿಯವನು ಹಾರನ್ ಬಾರಿಸಿ ಬಾರಿಸಿ ಕೊನೆಗೆ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಏನ್ ಗುರೂ, ಹೆಣ ಸಾಗಿಸ್ತಿದ್ದೀಯಾ?"

"ಮುಂದೆ ಹೋಗಪ್ಪ ಪುಣ್ಯಾತ್ಮ," ಅಂದ ತಮ್ಮ. ಬೇರೆ ದಿನವಾಗಿದ್ದರೆ ಲಾರಿಯವನ ವಂಶವನ್ನೇ ಜಾಲಾಡುತ್ತಿದ್ದ.

ಅವನ ತಲೆಯಲ್ಲಿ ಬೇರೇನೋ ಓಡುತ್ತಿತ್ತು. ಅಣ್ಣ ಅವನಿಗೆ ಡ್ರೈವಿಂಗ್ ಕಲಿಸಿದ ದಿನಗಳು. "ಒದೀಬೇಡ್ವೋ ಕತ್ತೆ. ಕಾಲಡಿ ಒಂದು ಕೋಳಿಮೊಟ್ಟೆ ಇದೆ ಅಂದ್ಕೋ. ಒಡೆದ್ರೆ ಇವತ್ತು ನಿಂಗೆ ಊಟ ಇಲ್ಲ." ಒಂದು ದಿನ ನಿಜವಾಗಿಯೂ ಮೊಟ್ಟೆ ಇಟ್ಟಿದ್ದ. ಅದು ಒಡೆದು ಚಪ್ಪಲಿಯೆಲ್ಲ ಲೋಳೆಯಾಗಿ, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಅದನ್ನು ಅತ್ತಿಗೆಗೆ ಹೇಳಿದ. ಅವಳು ನಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವಳ ದೃಷ್ಟಿ ರಸ್ತೆಯ ಮೇಲಿರಲಿಲ್ಲ. ಎರಡು ಸೀಟಿನ ನಡುವಿನಿಂದ ಬಗ್ಗಿ ಅವನ ಬಲಗಾಲನ್ನೇ ನೋಡುತ್ತ ಕೂತಿದ್ದಳು.

ವಾಪಸ್ಸು ಬಂದಾಗ ಅಣ್ಣ ಪಂಪಿನಲ್ಲೇ ಇದ್ದ. ಮನೆಗೆ ಹೋಗಿರಲೇ ಇಲ್ಲ. ಗಾಳಿ ತುಂಬುವ ಯಂತ್ರದ ಪಕ್ಕ ಒಂದು ಇಟ್ಟಿಗೆಯ ಮೇಲೆ ಕೂತು ಕಾದಿದ್ದ.

ಪಂಪಿನಾಕೆ ನಳಿಗೆ ಇಟ್ಟಳು. ತಮ್ಮ ಕುಲುಕಿದ. ಗುಳುಗುಳು. ಮತ್ತೆ ತುಂಬಿಸಿದಳು. ಅಣ್ಣ ಯಂತ್ರದ ಅಂಕಿಯನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದ. ಅಂಕಿ ನಿಂತಿತು.

"ಇಷ್ಟೇನಾ? ಇನ್ನೊಂದು ಸಲ ಕುಲುಕು."

ಕುಲುಕಿದ. ಪೆಟ್ರೋಲು ಅಲ್ಲಾಡಲಿಲ್ಲ. ಅಣ್ಣನ ತುಟಿ ಲೆಕ್ಕ ಹಾಕಿತು.

"ಹದಿನೇಳು," ಅಂದ. ಕಾರಿನೊಳಗಿದ್ದ ಹೆಂಡತಿಯ ಕಡೆ ತಿರುಗಿ ಮತ್ತೆ ಅಂದ. "ಹದಿನೇಳು ಕಣೇ! ಹದಿನಾರಲ್ಲ, ಹದಿನೇಳು!"

ಪಂಪಿನಾಕೆಗೆ ಏನೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದಳು. ಅಣ್ಣ ಅವಳಿಗೆ ಕೈ ಮುಗಿದ. ಮುಗಿದ ಕೈ ಗಡಗಡ ನಡುಗುತ್ತಿತ್ತು, ಅದನ್ನು ಅವತ್ತು ಅವನು ಬಚ್ಚಿಡಲಿಲ್ಲ. ಟೈರ್ ಅಂಗಡಿಯವನಿಗೆ ಫೋನ್ ಮಾಡಬೇಕು ಅಂತ ಅತ್ತ ಹೋದ.

ಅತ್ತಿಗೆ ಕಾರಿನಿಂದ ಇಳಿದಿರಲಿಲ್ಲ. ಮುಖ ಸುಣ್ಣದ ಗೋಡೆಯಾಗಿತ್ತು.

"ಏನಾಯ್ತು ಅತ್ತಿಗೆ? ತಲೆ ಸುತ್ತಾ?"

"ಬಾಟ್ಲೀಲಿ ಔಷಧಿ ಇರ್ಲಿಲ್ಲ," ಅಂದಳು.

"ಏನು?"

"ಪಾರ್ಟು ತೊಳೆಯೋಕೆ ಇಟ್ಟಿದ್ದ ಪೆಟ್ರೋಲು ಇತ್ತಲ್ಲ, ಅದನ್ನೇ ತುಂಬಿಸಿದ್ದೆ. ಸೋಲಲಿ ಅಂತ. ಸೋತ್ರೆ ಶೆಡ್ಡಾದ್ರೂ ಉಳಿಯುತ್ತೆ, ತಲೆ ಮೇಲೆ ಸೂರು ಇರುತ್ತೆ ಅಂತ." ಅವಳು ಚೀಲದ ಬಾಯಿಯನ್ನು ತಿರುಚುತ್ತಿದ್ದಳು. "ಗೆಲ್ಲುತ್ತೆ ಅಂತ ನಂಗೇನಪ್ಪಾ ಗೊತ್ತಿತ್ತು?"

"ಮತ್ತೆ ಹದಿನೇಳು ಹೇಗೆ..."

"ದಾರಿಯುದ್ದಕ್ಕೂ ನಿನ್ನ ಕಾಲು ನೋಡ್ತಾ ಕೂತಿದ್ದೆ ನಾನು."

ತಮ್ಮ ಬಗ್ಗಿ ತನ್ನ ಬಲಗಾಲನ್ನು ನೋಡಿಕೊಂಡ. ತಾನು ಮೋಸ ಮಾಡಿರಲಿಲ್ಲ. ದೇವರಾಣೆಗೂ ಮಾಡಿರಲಿಲ್ಲ. ಕಾಲಿಗೆ ಯಾರೂ ಏನೂ ಹೇಳಿರಲಿಲ್ಲ. ಅದು ತಾನಾಗಿಯೇ ಹಗುರಾಗಿತ್ತು.

ಅಣ್ಣ ಓಡೋಡಿ ಬಂದು ಮುಂದಿನ ಸೀಟಿನಲ್ಲಿ ಕೂತ. "ಬರ್ತಿದ್ದಾನಂತೆ. ನಡಿ ನಡಿ." ದಾರಿಯುದ್ದಕ್ಕೂ ಮಾತು. ಬಾಟಲಿ ಕಂದು ಬಣ್ಣದ್ದೇ ಇರಲಿ, ಅದೃಷ್ಟದ್ದು. ಮೊದಲ ಪೆಟ್ಟಿಗೆ ಪಂಪಿನಾಕೆಗೆ ಬಿಟ್ಟಿ. ಮನೆ ಬಾಡಿಗೆಗೆ ಸಣ್ಣದೊಂದು ನೋಡಿದರಾಯಿತು. "ನಿನ್ನ ಕಾರಿನ ಹಿಂದೆ ದೊಡ್ಡದಾಗಿ ಬರೆಸ್ತೀನಿ ನೋಡು, ಮೊದಲ ಪರೀಕ್ಷೆ ಇದರದ್ದೇ ಅಂತ." ಇಷ್ಟು ಮಾತು ಅವನು ಆಡಿ ವರ್ಷವಾಗಿತ್ತು. ತಮ್ಮ ಪ್ರತಿ ತಿರುವಿನಲ್ಲೂ ಈಗ ಹೇಳುತ್ತೇನೆ, ಈ ತಿರುವು ಕಳೆಯಲಿ ಅಂದುಕೊಂಡ. ತಿರುವುಗಳೆಲ್ಲ ಮುಗಿದವು.

ಟೈರ್ ಅಂಗಡಿಯವನು ಆಗಲೇ ಶೆಡ್ಡಿನ ಮುಂದೆ ನಿಂತು ಅಳತೆ ಪಟ್ಟಿಯ ಒಂದು ತುದಿಯನ್ನು ಬಾಗಿಲಿಗೆ ಸಿಕ್ಕಿಸುತ್ತಿದ್ದ.

"ಆಫ್ ಮಾಡ್ಬೇಡ," ಅಂದ ಅಣ್ಣ ಇಳಿಯುತ್ತ. "ಓಡ್ತಾ ಇರ್ಲಿ. ಇವರೂ ಸದ್ದು ಕೇಳ್ಲಿ. ಕೇಳಿ ಸಾರ್, ಹೇಗಿದೆ ನೋಡಿ ಎಂಜಿನ್ನು!"

"ನಂಗೆ ಟೈರ್ ಬಿಟ್ರೆ ಏನೂ ತಿಳಿಯಲ್ಲ ಮೇಸ್ತ್ರಿ," ಅಂದ ಅವನು. "ಹಿಂದಿನ ಗೋಡೆ ಒಡೆದ್ರೆ ನಿಮ್ಮದೇನೂ ತಕರಾರಿಲ್ಲ ತಾನೆ?"

"ಒಡೀರಿ, ಎಲ್ಲಾ ಒಡೀರಿ."

"ಅಣ್ಣ," ಅಂದ ತಮ್ಮ. "ನಾನು ಕಾಲು ಹಗುರ ಮಾಡಿ ಓಡಿಸ್ಬಿಟ್ಟೆ ಅನ್ಸುತ್ತೆ. ಅದಕ್ಕೇ ಹದಿನೇಳು ಬಂತು."

ಅಣ್ಣ ನಕ್ಕ. "ಕಾಲು ಹಗುರ ಮಾಡಿದ್ರೆ ಸ್ವಲ್ಪ ಬರುತ್ತೆ ಕಣೋ. ಮೂರು ಕಿಲೋಮೀಟರ್ ಬರುತ್ತಾ? ನೀನೇನು ಕಾರು ಓಡಿಸಿದ್ಯೋ, ತೊಟ್ಟಿಲು ತೂಗಿದ್ಯೋ? ಔಷಧಿ ಕಣೋ ಅದು, ಔಷಧಿ."

ಆಗ ಅತ್ತಿಗೆ ಇಳಿದು ಒಳಗೆ ಹೋದಳು. ಅಡುಗೆ ಕೋಣೆಯಲ್ಲಿ ಡಬ್ಬಿಗಳು ಸರಿದ ಸದ್ದಾಯಿತು. ಹೊರಬಂದಾಗ ಅವಳ ಕೈಯಲ್ಲಿ ಒಂದು ಗಾಜಿನ ಜಾಡಿ ಇತ್ತು. ಅದರಲ್ಲಿ ನೇರಳೆ ಬಣ್ಣದ ದ್ರವ, ಬೂಟ್ ಪಾಲಿಶಿನ ಹಾಗೆ ವಾಸನೆ. ಅದನ್ನು ತಂದು ಗಂಡನ ಮುಂದೆ ಹಿಡಿದಳು.

"ನಿಮ್ಮ ಔಷಧಿ ಇಲ್ಲಿದೆ," ಅಂದಳು. "ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

ಅಣ್ಣ ಜಾಡಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಕಾರನ್ನು ನೋಡಿದ. ಅವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ, ಮೊದಲಿನಿಂದಲೂ ರೋಗ ಬೇಗ ಕಂಡುಹಿಡಿಯುವವನು ಅವನು. ಒಂದು ಮಾತು ಬೈಯುತ್ತಾನೆ, ಜಾಡಿ ಕಿತ್ತು ಎಸೆಯುತ್ತಾನೆ ಅಂತ ತಮ್ಮ ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟೈರ್ ಅಂಗಡಿಯವನು ಮೂವರ ಮುಖ ನೋಡಿ, ಅಳತೆ ಪಟ್ಟಿಯ ಗುಂಡಿ ಒತ್ತಿದ. ಅದು ಸರ್‍ರನೆ ಒಳಗೆ ಸುತ್ತಿಕೊಂಡಿತು. "ನಾನು... ಇನ್ನೊಂದಿನ ಬರ್ತೀನಿ ಮೇಸ್ತ್ರಿ," ಅಂದವನು ಉತ್ತರಕ್ಕೆ ಕಾಯಲಿಲ್ಲ.

ಶೆಡ್ಡಿನೊಳಗೆ ಖಾಲಿ ಗುಂಡಿ ಕಪ್ಪಗೆ ಬಾಯಿ ತೆರೆದುಕೊಂಡಿತ್ತು. ಗೋಡೆಯ ಮೊಳೆಯಲ್ಲಿ ದಾರ ಕಟ್ಟಿದ ಪಾನೆ ತೂಗುತ್ತಿತ್ತು.

ಅಣ್ಣ ತಮ್ಮನ ಕಡೆ ತಿರುಗದೆಯೇ ಕೇಳಿದ. "ಮೊಟ್ಟೆ ಒಡೀಲಿಲ್ವಾ?"

"ಇಲ್ಲ," ಅಂದ ತಮ್ಮ.

ಅಣ್ಣ ತಲೆಯಾಡಿಸಿದ. ಮೆಲ್ಲಗೆ ನಡೆದು ಹೋಗಿ, ಓಡುತ್ತಿದ್ದ ಕಾರಿನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಂತ. ಎಂಜಿನ್ನಿನ ನಡುಕದಲ್ಲಿ ತಗಡು ಸಣ್ಣಗೆ ಅದುರುತ್ತಿತ್ತು. ಕೈಯೂ ಅದುರುತ್ತಿತ್ತು. ಯಾವುದು ಯಾವುದರದ್ದು ಅಂತ ದೂರದಿಂದ ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ. ಅವನು ಕಿವಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಿಂದೆಲ್ಲ ನಿಲ್ಲುತ್ತಿದ್ದ ಹಾಗೆ ನಿಂತಿದ್ದ.

ತಮ್ಮ ಕಿಟಕಿಯೊಳಗೆ ಬಗ್ಗಿ ಕೀಲಿಗೆ ಕೈ ಹಾಕಿದ. ಅತ್ತಿಗೆ ಅವನ ತೋಳು ಹಿಡಿದಳು. ಬೇಡ ಅಂತ ತಲೆಯಾಡಿಸಿದಳು.

ಬೆಳಗ್ಗೆಯಿಂದ ಹನಿಹನಿ ಅಳೆದು ತುಂಬಿಸಿದ್ದ ಪೆಟ್ರೋಲು ಹಾಗೇ ಉರಿಯುತ್ತ ಇತ್ತು. ಕಾರು ನಿಂತಲ್ಲೇ ಓಡುತ್ತಿತ್ತು.