ಬೂದೆಪ್ಪನ ಮೂರನೆಯ ಸಾವು

ಮೂರು ವರ್ಷಗಳಲ್ಲಿ ಪದ್ಮನಾಭ ಹನ್ನೊಂದು ಸಾವಿರದ ನಾನ್ನೂರು ಜನರನ್ನು ಕೊಂದಿದ್ದ. ಅವರಲ್ಲಿ ಒಬ್ಬರಿಗಾಗಿಯೂ ಯಾರೂ ಅತ್ತಿರಲಿಲ್ಲ. ಹೈದರಾಬಾದಿನ ಒಂದು ಗ್ರಾಫಿಕ್ಸ್ ಸ್ಟುಡಿಯೊದಲ್ಲಿ ಅವನ ಕೆಲಸವೆಂದರೆ ಸಿನಿಮಾದ ಜನರನ್ನು ಕೋಟೆಯಿಂದ, ಬೆಟ್ಟದಿಂದ, ಹೆಲಿಕಾಪ್ಟರಿನಿಂದ ಬೀಳಿಸುವುದು. ಮಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವನಾದ್ದರಿಂದ ಬೀಳುವವರ ತೂಕ, ಗಾಳಿಯ ತಡೆ, ನೆಲ ಮುಟ್ಟುವ ವೇಗ ಎಲ್ಲವನ್ನೂ ಸರಿಯಾಗಿ ಲೆಕ್ಕ ಹಾಕಿಯೇ ಬೀಳಿಸುತ್ತಿದ್ದ. ನಿರ್ದೇಶಕರು ಮಾತ್ರ ಪ್ರತಿ ಸಲವೂ, ಫಿಸಿಕ್ಸ್ ಚೆನ್ನಾಗಿದೆ, ಫೀಲ್ ಇಲ್ಲ ಎಂದು ವಾಪಸು ಕಳಿಸುತ್ತಿದ್ದರು.

ಬೂದೆಪ್ಪನ ಪರಿಚಯವಾದದ್ದು ಕಿಟಕಿಯ ಮೂಲಕ. ಪದ್ಮನಾಭ ಮಿಯಾಪುರದ ಒಂದು ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ. ಒಂದು ಬೆಳಿಗ್ಗೆ ಕೋಟೆಯ ಗೋಡೆಯಿಂದ ಅರವತ್ತಮೂರನೆಯ ಸೈನಿಕನನ್ನು ಬೀಳಿಸುತ್ತ ಕೂತಿದ್ದಾಗ ಬೆನ್ನ ಹಿಂದಿನಿಂದ ಕನ್ನಡದಲ್ಲಿ ಮಾತು ಕೇಳಿಸಿತು.

"ಸರ, ಮನಷಾ ಹಂಗ ಬೀಳಂಗಿಲ್ರಿ."

ತಿರುಗಿದರೆ ಕಿಟಕಿಯಾಚೆ, ಆಕಾಶದಲ್ಲಿ, ಬ್ರಶ್ಶು ಹಿಡಿದು ಒಬ್ಬ ಕೂತಿದ್ದ. ಕಟ್ಟಡಕ್ಕೆ ಹೊರಗಿನಿಂದ ಬಣ್ಣ ಬಳಿಯುವವನು. ಮೇಲಿನಿಂದ ಇಳಿಬಿಟ್ಟ ಎರಡು ಹಗ್ಗ, ಅವುಗಳ ನಡುವೆ ಒಂದು ಹಲಗೆ. ಅದಕ್ಕೆ ಅವರು ಜೂಲಾ ಎನ್ನುತ್ತಾರೆ. ಪದ್ಮನಾಭ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಇವರು ನಮ್ಮ ಕಡೆಯವರು ಎಂದು ಅವನು ತೀರ್ಮಾನಿಸಿದ್ದ.

"ಬೀಳೋ ಮನಷಾ ಏನರ ಹಿಡಕೊಳ್ಳಾಕ ನೋಡ್ತಾನ್ರಿ. ಇವ ನೋಡ್ರಿ, ಬೀಗರನ್ನ ಅಪ್ಪಿಕೊಳ್ಳಾಕ ಹೊಂಟಂಗ ಹೊಂಟಾನ."

ಪದ್ಮನಾಭನಿಗೆ ಸಿಟ್ಟು ಬಂದರೂ, ಹದಿನೆಂಟು ವರ್ಷ ಹಗ್ಗದ ಮೇಲೆ ಕೂತವನ ಮಾತು ತಳ್ಳಿಹಾಕುವಂಥದ್ದಲ್ಲ ಎನ್ನಿಸಿತು. ಸೈನಿಕನ ಕೈಗಳು ಗಾಳಿಯನ್ನು ಪರಚುವಂತೆ ಮಾಡಿ ಕಳಿಸಿದ. ಅಂದು ಮೊದಲ ಬಾರಿಗೆ ನಿರ್ದೇಶಕರು ಏನೂ ಅನ್ನದೆ ಒಪ್ಪಿಕೊಂಡರು. ಆಮೇಲೆ ಒಂದು ವಾರ ಕಿಟಕಿಯಲ್ಲಿ ಚಹಾ ಹೊರಗೆ ಹೋಗುತ್ತಿತ್ತು, ಸಲಹೆ ಒಳಗೆ ಬರುತ್ತಿತ್ತು.

ಎರಡನೆಯ ವಾರ ಜೂಲಾ ಬರಲಿಲ್ಲ. ಮೂರು ದಿನ ಬಿಟ್ಟು ಬೂದೆಪ್ಪ ಬಾಗಿಲಿನಿಂದ ಬಂದ, ಜೊತೆಗೆ ಹೆಂಡತಿ ಬಂಡೆಮ್ಮ. ಕುರ್ಚಿಯ ತುದಿಯಲ್ಲಿ ಕೂತು, ವಿಷಯವನ್ನು ಬಂಡೆಮ್ಮನೇ ಹೇಳಿದಳು.

ಹದಿನೈದನೆಯ ಮಹಡಿಯ ಹತ್ತಿರ ಬಣ್ಣ ಹಚ್ಚುವಾಗ ಒಂದು ಕಾಗೆ ಬಂದು ಬೂದೆಪ್ಪನ ತಲೆಗೆ ಕಾಲಿನಿಂದ ಹೊಡೆದು ಹೋಗಿತ್ತು. ಕಾಗೆ ತಲೆ ಮುಟ್ಟಿದರೆ ಆ ಮನುಷ್ಯ ಬಹಳ ದಿನ ಇರುವುದಿಲ್ಲ. ಪರಿಹಾರವೂ ಎಲ್ಲರಿಗೂ ಗೊತ್ತಿರುವಂಥದ್ದೇ: ಅವನು ಸತ್ತನೆಂದು ರಕ್ತಸಂಬಂಧಿಗಳಿಗೆ ಸುಳ್ಳುಸುದ್ದಿ ಮುಟ್ಟಿಸಬೇಕು. ಅವರು ನಂಬಿ, ಹೊಟ್ಟೆಯಿಂದ ಅಳಬೇಕು. ಆಮೇಲೆ ನಿಜ ಹೇಳಬೇಕು. ಅತ್ತದ್ದನ್ನು ಕೇಳಿ ಸಾವು ತನ್ನ ಕೆಲಸ ಮುಗಿಯಿತೆಂದುಕೊಂಡು ಹೊರಟುಹೋಗುತ್ತದೆ.

ಅಂಚೆ ಕಾರ್ಡು ಬರೆಯುತ್ತಿದ್ದ ಕಾಲದಲ್ಲಿ ಇದು ಸುಲಭವಿತ್ತು. ಈಗ ಬೂದೆಪ್ಪನಿಗೆ ಉಳಿದಿರುವ ಒಬ್ಬಳೇ ರಕ್ತಸಂಬಂಧಿ, ಚಿತ್ತಾಪುರದ ಅಕ್ಕ ಶಿವದೇವಿಯ ಬಳಿ ಎರಡು ಫೋನುಗಳಿದ್ದವು. ಬಂಡೆಮ್ಮ ಒಂದಕ್ಕೆ ಫೋನು ಮಾಡಿ, ನಿಮ್ಮ ತಮ್ಮ ಹೋಗಿಬಿಟ್ಟರು ಎಂದು ಅಳುತ್ತಿದ್ದಂತೆಯೇ ಅವಳು ಇನ್ನೊಂದರಿಂದ ತಮ್ಮನಿಗೇ ಫೋನು ಮಾಡಿದಳು. ಬಿಳಿ ಬಟ್ಟೆ ಹೊದ್ದು ಪಕ್ಕದಲ್ಲಿ ಮಲಗಿದ್ದ ಬೂದೆಪ್ಪ, ರೂಢಿಯಂತೆ, ಎತ್ತಿ "ಹಾಂ ಅಕ್ಕಾ, ಹೇಳ" ಅಂದುಬಿಟ್ಟ.

ಅಂದಿನಿಂದ ಬಂಡೆಮ್ಮ ಗಂಡನನ್ನು ಹಗ್ಗ ಹತ್ತಲು ಬಿಟ್ಟಿರಲಿಲ್ಲ. ಯಾರಾದರೂ ಅಳುವ ತನಕ ಅವನ ಕಾಲು ನೆಲದ ಮೇಲೇ ಇರಬೇಕು. ಸೂಪರ್‌ವೈಸರ್ ಮಹೇಶಕುಮಾರ ಅವನನ್ನು ಕೆಳಗೆ ಬಣ್ಣ ಕಲಸಲು ಹಾಕಿ, ಮುಂದಿನ ಸೋಮವಾರ ಜೂಲಾ ಏರು, ಇಲ್ಲವೇ ಬೇರೆ ಸೈಟು ನೋಡಿಕೋ ಎಂದಿದ್ದ. ಕೆಲಸ ಹೋದರೆ ಅದರ ಜೊತೆಗೆ ಸೈಟಿನಲ್ಲಿದ್ದ ತಗಡಿನ ಮನೆಯೂ ಹೋಗುತ್ತಿತ್ತು.

"ಇಷ್ಟ ಮಂದೀನ ಕೊಲ್ತೀರಂತ್ರಿ," ಎಂದಳು ಬಂಡೆಮ್ಮ. "ಇವರನ್ನೊಂದ ಸಲ ಕೊಲ್ರಿ. ನೋಡಿದವರು ನಂಬಬೇಕು, ಅಷ್ಟ."

ಪದ್ಮನಾಭ ಮೊದಲು ವಿಜ್ಞಾನ ಹೇಳಿದ. ಇದು ಕಾಗೆಗಳು ಮರಿ ಮಾಡುವ ಕಾಲ, ಹದಿನೈದನೆಯ ಮಹಡಿಯ ಏಸಿ ಪೆಟ್ಟಿಗೆಯ ಹಿಂದೆ ಗೂಡಿರಬೇಕು, ಹತ್ತಿರ ಹೋದವರಿಗೆಲ್ಲ ಅದು ಹೊಡೆಯುತ್ತದೆ. ಬಂಡೆಮ್ಮ ಪೂರ್ತಿ ಕೇಳಿಸಿಕೊಂಡಳು. ಗೂಡು ಇದ್ದರೂ ಮುಟ್ಟಿದ್ದು ಮುಟ್ಟಿದ್ದೇ ಅಲ್ಲವೇ ಎಂದು ಕೇಳಿದಳು. ಪದ್ಮನಾಭ ಒಪ್ಪಿಕೊಂಡ. ಅಲ್ಲದೆ, ನಂಬಿದರೆ ನಿಜವಾಗಿ ಅಳುವ ಒಬ್ಬ ಪ್ರೇಕ್ಷಕಿ ಅವನಿಗೆ ಈವರೆಗೆ ಸಿಕ್ಕಿರಲಿಲ್ಲ.

ಕೆಲಸ ಕ್ರಮಬದ್ಧವಾಗಿ ಆರಂಭವಾಯಿತು. ಪದ್ಮನಾಭ ಬೂದೆಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ: ಅರವತ್ತೊಂದು ಕಿಲೊ. ಕೋಣೆಯ ನಡುವೆ ನಿಲ್ಲಿಸಿ ಸುತ್ತಲೂ ಫೋಟೊ ತೆಗೆದ. ಬಂಡೆಮ್ಮ, ದರ್ಜಿ ಅಳತೆ ತೆಗೆಯುವಾಗ ನಿಲ್ಲುವಂತೆ ನಿಂತು, ಕಾಲರು ಸರಿ ಮಾಡಿಕೊಳ್ಳಲು ಗಂಡನಿಗೆ ಸನ್ನೆ ಮಾಡಿದಳು. ಹದಿನೈದನೆಯ ಮಹಡಿಯೆಂದರೆ ನಲವತ್ತೈದು ಮೀಟರು. ಬೀಳಲು ಮೂರು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಸ್ಲೋಮೋಷನ್ ಕೊಡುವ ಆಸೆಯನ್ನು ಪದ್ಮನಾಭ ಹತ್ತಿಕ್ಕಿದ. ಬೂದೆಪ್ಪನ ಜೊತೆ ಬಣ್ಣದ ಬಕೆಟ್ಟೂ ಬೀಳುತ್ತಿತ್ತು, ಗಾಳಿಯಲ್ಲಿ ನೀಲಿ ಬಣ್ಣ ಬಾಲದಂತೆ ಉದ್ದವಾಗಿ ಹರಿದು ಹನಿಯಾಗಿ ಒಡೆಯುತ್ತಿತ್ತು. ಮುಗಿದ ಮೇಲೆ ನೋಡಿದ ಪದ್ಮನಾಭನಿಗೇ ಅರ್ಧ ದಿನ ಊಟ ಸೇರಲಿಲ್ಲ. ಬೂದೆಪ್ಪ ಮಾತ್ರ ನಾಲ್ಕು ಸಲ ನೋಡಿ, ಹನ್ನೆರಡನೆಯ ಮಹಡಿಯ ಜಾಲರಿ ಕೈಗೆ ಸಿಗುವ ಹಾಗಿದೆ, ತಾನಾಗಿದ್ದರೆ ಅದನ್ನು ಹಿಡಿಯುತ್ತಿದ್ದೆ ಎಂದ. ಜಾಲರಿಯನ್ನು ಅಳಿಸಬೇಕಾಯಿತು.

ಬೂದೆಪ್ಪನ ಫೋನನ್ನು ಬಂದ್ ಮಾಡಿ, ಬಂಡೆಮ್ಮನ ಫೋನಿನಿಂದ ವಿಡಿಯೊ ಹೋಯಿತು. ಅಕ್ಕ ನೋಡಿದಳೆಂದು ತಿಳಿಸುವ ಎರಡು ನೀಲಿ ಗೀಟು ಬಿದ್ದವು. ಹನ್ನೊಂದು ನಿಮಿಷ ಮೂವರೂ ಫೋನನ್ನೇ ನೋಡುತ್ತ ಕೂತರು. ಆಮೇಲೆ ಶಿವದೇವಿಯ ದನಿ ಬಂತು.

"ಬಂಡೀ, ಯಾವ ಪಿಕ್ಚರ ಇದು? ತಮ್ಮ ಭಾಳ ಚಂದ ಬಿದ್ದಾನ. ಹೀರೋನ ಒಂದ ಸಲನೂ ತೋರಿಸಲಿಲ್ಲಲ್ಲ?"

ಸಂಜೆಯೊಳಗೆ ವಿಡಿಯೊ ಅವಳ ಗಂಡನ ಮನೆಯ ಕಡೆಯ ನಲವತ್ತಮೂರು ಜನಕ್ಕೆ ತಲುಪಿತ್ತು. ಎಲ್ಲರೂ ರಿಲೀಸ್ ಯಾವಾಗ ಎಂದು ಕೇಳಿದರು. ಶಿವದೇವಿಯ ಮೈದುನನೊಬ್ಬ, ತಾನೂ ಬೀಳಲು ತಯಾರು, ಇದಕ್ಕಿಂತ ದೊಡ್ಡ ಬಿಲ್ಡಿಂಗ್ ಆದರೂ ಸರಿ ಎಂದು ಫೋಟೊ ಕಳಿಸಿದ.

ಪದ್ಮನಾಭ ಆ ರಾತ್ರಿಯೆಲ್ಲ ತಪ್ಪು ಹುಡುಕಿದ. ನೆರಳು ಸರಿಯಿತ್ತು, ಬೆಳಕು ಸರಿಯಿತ್ತು, ಬಣ್ಣದ ಹನಿಗಳ ಗಾತ್ರವೂ ಸರಿಯಿತ್ತು. ಬೆಳಿಗ್ಗೆ ಹೊಳೆಯಿತು: ಕಣ್ಣೆದುರು ಮನುಷ್ಯ ಬೀಳುತ್ತಿರುವಾಗ ಯಾರು ಇಷ್ಟು ನೆಟ್ಟಗೆ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ? ಎರಡನೆಯ ಸಾವನ್ನು ಅವನು ಕೆಡಿಸಿ ಮಾಡಿದ. ಫೋನು ನಡುಗಿತು, ಅರ್ಧ ಚಿತ್ರಕ್ಕೆ ಹೆಬ್ಬೆರಳು ಅಡ್ಡ ಬಂತು, ಬೂದೆಪ್ಪ ಚೌಕಟ್ಟಿನ ಒಂದು ಮೂಲೆಯಲ್ಲಿ ಮಸುಕಾಗಿ ಬಿದ್ದ. ಶಿವದೇವಿಯ ಉತ್ತರ ಈ ಸಲ ಬೇಗ ಬಂತು. ಮೊದಲನೆಯದೇ ಚಲೋ ಇತ್ತು, ಇದರಲ್ಲಿ ತಮ್ಮನ ಮುಖ ಸರಿಯಾಗಿ ಕಾಣುವುದಿಲ್ಲ, ಮಾಡಿದವರಿಗೆ ಹೇಳು.

ಅಂದು ಶುಕ್ರವಾರ. ಕೆಳಗಿನಿಂದ ಮಹೇಶಕುಮಾರ ಸೋಮವಾರದ ಮಾತನ್ನು ಮತ್ತೊಮ್ಮೆ ನೆನಪಿಸಿದ್ದನಂತೆ. ಬೂದೆಪ್ಪ ಪದ್ಮನಾಭನಿಗೇ ಸಮಾಧಾನ ಹೇಳಿದ: ಹೋಗಲಿ ಬಿಡಿ ಸರ, ನಿಮ್ಮ ಕೈಲಾದದ್ದು ಮಾಡಿದಿರಿ, ಸಾಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಬಂಡೆಮ್ಮ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

ಮೂರನೆಯ ಯೋಜನೆ ಸರಳವಾದದ್ದು. ಎತ್ತರ ಬೇಡ, ಬಣ್ಣ ಬೇಡ. ಊಟ ಮಾಡುತ್ತ ಎದೆ ಹಿಡಿದುಕೊಂಡು ಕುಸಿದರೆ ಸಾಕು. ಅದಕ್ಕೆ ಬೂದೆಪ್ಪ ತನ್ನ ಫೋನಿನಿಂದ ಒಂದು ಹಳೆಯ ವಿಡಿಯೊ ಕೊಟ್ಟ. ಹೋದ ದಸರೆಯಲ್ಲಿ ಶಿವದೇವಿ ಬಂದಿದ್ದಾಗ ತಗಡಿನ ಮನೆಯಲ್ಲಿ ಎಲ್ಲರೂ ಉಣ್ಣುತ್ತಿರುವುದು; ಮೂವತ್ತೆಂಟು ಸೆಕೆಂಡು. ಬೂದೆಪ್ಪ ಏನೋ ತಮಾಷೆ ಹೇಳುತ್ತಿದ್ದಾನೆ, ಅಕ್ಕ ನಗುತ್ತಿದ್ದಾಳೆ, ಬಂಡೆಮ್ಮ ಅವನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಾಳೆ. ವಿಡಿಯೊ ಕಳಿಸುವ ಮೊದಲು ಅಕ್ಕನನ್ನು ಅದರಿಂದ ಕತ್ತರಿಸಬೇಕೆಂದು ಪದ್ಮನಾಭ ಗುರುತು ಹಾಕಿಕೊಂಡ.

ಈ ಕಸುಬಿನಲ್ಲಿ ಯಾರನ್ನೇ ಬೀಳಿಸುವ ಮೊದಲು ಅವನಿಲ್ಲದ ಜಾಗವನ್ನು ಸಿದ್ಧಪಡಿಸಿಕೊಳ್ಳಬೇಕು. ಅವನನ್ನು ಚಿತ್ರದಿಂದ ಒರೆಸಿ, ಹಿಂದಿದ್ದ ಗೋಡೆಯನ್ನೋ ಮರವನ್ನೋ ತುಂಬಿ, ಖಾಲಿ ದೃಶ್ಯವೊಂದನ್ನು ಮಾಡಿಟ್ಟುಕೊಳ್ಳುತ್ತಾರೆ. ಅದನ್ನು ಪ್ರೇಕ್ಷಕರು ಯಾವತ್ತೂ ನೋಡುವುದಿಲ್ಲ. ಪದ್ಮನಾಭ ಅಂಥವನ್ನು ಸಾವಿರಾರು ಮಾಡಿದ್ದ, ಒಂದನ್ನೂ ಕೊನೆಯ ತನಕ ನೋಡಿರಲಿಲ್ಲ.

ಬೂದೆಪ್ಪನನ್ನು ಒರೆಸಲು ಒಂದೂವರೆ ದಿನ ಹಿಡಿಯಿತು. ಅವನ ಬೆನ್ನ ಹಿಂದೆ ತೂಗುಹಾಕಿದ್ದ ಅಂಗಿ, ತಗಡಿನ ಮಡಿಕೆಗಳು, ಎಲ್ಲವನ್ನೂ ಪದ್ಮನಾಭ ಹೊಸದಾಗಿ ಬಿಡಿಸಿದ. ಅವನ ದನಿಯನ್ನೂ ತೆಗೆದ. ತಟ್ಟೆಯ ರೊಟ್ಟಿ ಮಾತ್ರ ಸತಾಯಿಸಿತು: ಉಣ್ಣುವವನು ಹೋದ ಮೇಲೂ ಅದು ಚೂರು ಚೂರಾಗಿ ತಾನೇ ಕರಗುತ್ತಿತ್ತು. ಅದನ್ನು ಇಡಿಯಾಗಿ ನಿಲ್ಲಿಸಿದ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಕುಸಿಯುವ ಬೂದೆಪ್ಪನನ್ನು ಸೇರಿಸುವ ಮೊದಲು, ತಪ್ಪುಗಳಿಗಾಗಿ ಒಮ್ಮೆ ಪೂರ್ತಿ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಏನನ್ನೂ ಸೇರಿಸದೆ ಬೂದೆಪ್ಪನಿಗೆ ಫೋನು ಮಾಡಿ ಇಬ್ಬರೂ ಬನ್ನಿ ಎಂದ.

ಗಂಡಹೆಂಡತಿ ಬಂದು ಸ್ಕ್ರೀನಿನ ಮುಂದೆ ಕೂತರು. ವಿಡಿಯೊ ಶುರುವಾದೊಡನೆ ಬೂದೆಪ್ಪ ತನ್ನನ್ನು ಹುಡುಕಿದ.

"ನಾ ಎಲ್ಲಿ ಅದೀನ್ರಿ?"

"ನೀವು ಇಲ್ಲ. ತೆಗೆದಿದ್ದೇನೆ."

ಬೂದೆಪ್ಪ ನಕ್ಕ. ಒಳ್ಳೆ ಮಜಾ ಐತಲ್ರಿ ಎಂದು ಹೆಂಡತಿಯ ಕಡೆ ನೋಡಿದ. ಇನ್ನೊಮ್ಮೆ ಹಾಕಲು ಹೇಳಿದ. ಸ್ಕ್ರೀನಿನಲ್ಲಿ ಶಿವದೇವಿ ಖಾಲಿ ಚಾಪೆಯತ್ತ ತಿರುಗಿ, ಯಾರೂ ಏನೂ ಹೇಳದಿದ್ದರೂ, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಬಂಡೆಮ್ಮ ಬಗ್ಗಿ ತಟ್ಟೆಗೆ ರೊಟ್ಟಿ ಹಾಕಿದಳು. ಪುಂಡಿಪಲ್ಯ ಬಡಿಸಿದಳು. ಸಾಕೇ ಎಂಬಂತೆ ತಲೆಯೆತ್ತಿ, ಗೋಡೆಗೆ ತೂಗುಹಾಕಿದ್ದ ಅಂಗಿಯನ್ನು ನೋಡುತ್ತ, ಉತ್ತರಕ್ಕೆ ಕಾದಳು.

"ಯಾರೂ ಕುಂತಿಲ್ಲ," ಎಂದ ಬೂದೆಪ್ಪ. ಅವನ ದನಿ ಸಣ್ಣದಾಗಿತ್ತು. "ಈಕಿ ಯಾರಿಗೆ ನೀಡಾಕತ್ತಾಳ?"

ಬೂದೆಪ್ಪ ಬಣ್ಣದ ಕಲೆಗಳಿದ್ದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಮೊದಲು ದನಿಯಿಲ್ಲದೆ ಅತ್ತವನು ಆಮೇಲೆ ದನಿ ತೆಗೆದು ಅತ್ತ. ಅಯ್ಯೋ ಬೂದೆಪ್ಪಾ, ಹೊಟ್ಟಿತುಂಬ ಉಣಲಿಲ್ಲಲ್ಲೋ, ಎಂದು ಹೆಸರು ಹಿಡಿದು, ಸಾವಿನ ಮನೆಯಲ್ಲಿ ಅಳುವ ಹಾಗೆಯೇ ಅತ್ತ.

ಬಂಡೆಮ್ಮ ಗಾಬರಿಯಾಗಲಿಲ್ಲ. ಗಂಡನ ಕೈ ಸರಿಸಿ, ಕೆನ್ನೆಯ ಮೇಲೆ ಬೆರಳಾಡಿಸಿ, ತೇವವನ್ನು ಪರೀಕ್ಷಿಸಿದಳು.

"ಖರೇನ ಅಳಾಕತ್ತೀರೇನು?"

ಅವನು ತಲೆಯಾಡಿಸಿದ. ಬಂಡೆಮ್ಮ ತಕ್ಷಣ ಲಿಂಗಣ್ಣನಿಗೆ ಫೋನು ಹಚ್ಚಿದಳು. ಲಿಂಗಣ್ಣ ಸೈಟಿನ ಹಿರಿಯ. ಶಕುನ, ಶಾಸ್ತ್ರ, ಮುಹೂರ್ತ ಎಲ್ಲಕ್ಕೂ ಅವನ ಮಾತೇ ಕೊನೆ. ಸತ್ತವನೇ ತನಗಾಗಿ ಅತ್ತರೆ ನಡೆಯುತ್ತದೆಯೇ ಎಂದು ಅವಳು ಸ್ಪೀಕರಿನಲ್ಲಿ ಕೇಳಿದಳು. ಇಂಥ ಪ್ರಕರಣ ಲಿಂಗಣ್ಣನ ಎದುರಿಗೂ ಬಂದಿರಲಿಲ್ಲ.

ಸತ್ತಿದ್ದು ಖರೇ ಅಂತ ಅತ್ತವನು ನಂಬಿದ್ದನೇ ಎಂದು ಲಿಂಗಣ್ಣ ಕೇಳಿದ.

"ಒಂದ ಗಳಿಗಿ ನಂಬಿದ್ನಿ, ಕಾಕಾ," ಎಂದ ಬೂದೆಪ್ಪ ಮೂಗೊರೆಸಿಕೊಳ್ಳುತ್ತ.

"ಹಂಗಾರ ನಡೀತೈತಿ," ಎಂದ ಲಿಂಗಣ್ಣ. "ರಕ್ತಸಂಬಂಧ ಅಂದ್ರ ಇದಕ್ಕಿಂತ ಹತ್ತಿರದ್ದ ಎಲ್ಲೈತಿ? ಆದ್ರ ಅತ್ತವರಿಗೆ ಖರೇ ಸುದ್ದಿ ಮುಟ್ಟಿಸಬೇಕು, ಹೆಸರು ಹೇಳಿ. ಮುಟ್ಟಿಸದಿದ್ರ ದೋಷ ಹಂಗ ಉಳೀತೈತಿ."

ಫೋನು ಇಟ್ಟ ಮೇಲೆ ಬಂಡೆಮ್ಮ ಸೆರಗು ಸರಿಮಾಡಿಕೊಂಡಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಒಮ್ಮೆ ಪದ್ಮನಾಭನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ನಿಂತ.

"ಅಳಬ್ಯಾಡ್ರಿ," ಎಂದಳು, ದೂರದ ಊರಿನಿಂದ ಬಂದ ಬೀಗರಿಗೆ ಹೇಳುವ ಹಾಗೆ. "ಬೂದೆಪ್ಪ ಸತ್ತಿಲ್ಲ. ಜೀವಂತ ಅದಾನ. ಕಾಗಿ ಮುಟ್ಟಿತ್ತು, ಅದಕ್ಕ ಸುಳ್ಳ ಹೇಳಿದ್ವಿ."

ಬೂದೆಪ್ಪ ಅವಳನ್ನೇ ನೋಡಿದ. ಅವನ ಮುಖದಲ್ಲಿ ಮೊದಲು ಅನುಮಾನ ಬಂತು, ಅದರ ಹಿಂದೆಯೇ ಆಸೆ. ಇಂಥ ಸುದ್ದಿಯನ್ನು ಹೆಂಡತಿಯೊಬ್ಬಳ ಮಾತಿನಿಂದ ನಂಬುವುದು ಅವನಿಗೆ ಕಷ್ಟವಾಗಿರಬೇಕು. ಓದಿದವರ ಕಡೆ ತಿರುಗಿದ.

"ಖರೇನ್ರಿ, ಸರ?"

ಪರೀಕ್ಷಿಸದೆ ಮಾತಾಡುವುದು ಪದ್ಮನಾಭನ ಸ್ವಭಾವವಲ್ಲ. ಹತ್ತಿರ ಹೋಗಿ ಬೂದೆಪ್ಪನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಿದ.

"ಹೌದು ಮಾರಾಯ್ರೆ," ಎಂದ. "ಎಪ್ಪತ್ತೆಂಟು."

ಬಂಡೆಮ್ಮ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ಕೂತಲ್ಲಿಂದಲೇ ತನ್ನ ಫೋನನ್ನು ಗಂಡನ ಕೈಗೆ ಕೊಟ್ಟು, ಮಹೇಶಕುಮಾರನಿಗೆ ಹಚ್ಚಲು ಹೇಳಿದಳು. ಬೂದೆಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಹಿಂದಿಯಲ್ಲಿ ಮಾತಾಡಿದ: ಮನೆಯಲ್ಲೊಬ್ಬರು ತೀರಿಕೊಂಡಿದ್ದರು ಸಾಬ್, ಈಗ ಹುಷಾರಾಗಿದ್ದಾರೆ, ನಾಳೆ ಎಂಟಕ್ಕೆ ಹಗ್ಗ ಹತ್ತುತ್ತೇನೆ.