ಖಂಡೇನವಮಿಯ ಮಣೆಯ ಮೇಲೆ ಪಿಸ್ತೂಲು

ಅಮೆರಿಕದ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಆನಂದನ ದಿನಸಿ ಅಂಗಡಿ ಇದೆ. ಜೋಳದ ಹಿಟ್ಟು, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬೇಕಾದವರು ಡಾಲಸ್‌ನ ನಾಲ್ಕೂ ಮೂಲೆಗಳಿಂದ ಅಲ್ಲಿಗೇ ಬರುತ್ತಾರೆ. ಹೋದ ಬೇಸಿಗೆಯಲ್ಲಿ ಪಕ್ಕದ ಮೊಬೈಲ್ ಅಂಗಡಿಗೆ ಹಾಡುಹಗಲೇ ಇಬ್ಬರು ನುಗ್ಗಿ, ಅಂಗಡಿಯವನ ಎದೆಗೆ ಗನ್ ಹಿಡಿದರು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಆನಂದನಿಗೆ ತನ್ನ ಅಂಗಡಿಯ ಬಾಗಿಲು ಕಿರ್ ಎಂದರೂ ಎದೆ ಝಲ್ಲೆನ್ನುತ್ತಿತ್ತು.

"ನಾನೂ ಒಂದು ಇಟ್ಕೋತೇನಿ. ಅಂಗಿ ಒಳಗ ಕಾಣದಂಗ, ದಿನಾ," ಎಂದ ಒಂದು ದಿನ.

ಅವನ ಹೆಂಡತಿ ಐಶ್ವರ್ಯಾಳಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆದರೆ ಅವಳ ಚಿಂತೆಗೆ ಆ ಮನೆಯಲ್ಲಿ ಅಷ್ಟೇನೂ ಬೆಲೆ ಇರಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬರುವ ಹೆಂಗಸಿನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಕೊನೆಗೆ ಅವಳು ಒಂದು ಶರತ್ತು ಹಾಕಿದಳು. "ವಿದ್ಯಾವತಿ ಆಂಟಿನ್ನ ಕೇಳ್ರಿ. ಅವರು ಹೂಂ ಅಂದ್ರ ತಗೋರಿ."

ವಿದ್ಯಾವತಿ ಮೈಸೂರಿನವರು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ಈಗ ವಾರಕ್ಕೆರಡು ದಿನ ಗನ್ ಸುರಕ್ಷತೆಯ ತರಗತಿ ನಡೆಸುತ್ತಾರೆ. ಆನಂದನನ್ನು ತಾವೇ ಗನ್ ಅಂಗಡಿಗೆ ಕರೆದುಕೊಂಡು ಹೋದರು. ಐಶ್ವರ್ಯಾ ಕೈಕಟ್ಟಿಕೊಂಡು ಹಿಂದೆ ನಿಂತಿದ್ದಳು.

ಆನಂದ ಮೊದಲು ಕೈ ಹಾಕಿದ್ದು ಅಂಗೈಯಲ್ಲಿ ಮುಚ್ಚಿಹೋಗುವಂಥ ಪುಟ್ಟದಕ್ಕೆ. "ಇದು ಕಿಸೇದಾಗ ಹಿಡಸ್ತದ್ರಿ ಆಂಟಿ."

"ಹಿಡಿಯುತ್ತೆ. ಆದರೆ ಹಾರಿಸುವಾಗ ಕೈಲಿ ನಿಲ್ಲಲ್ಲ, ಒದೆಯುತ್ತೆ. ಎರಡು ಬೆರಳಿಗೆ ಮಾತ್ರ ಜಾಗ ಇದೆ ನೋಡಿ."

"ಹಂಗಾರ ಆ ದೊಡ್ಡದು?"

"ಅದು ಅಂಗಿ ಒಳಗೆ ಎದ್ದು ಕಾಣುತ್ತೆ. ನಾಲ್ಕು ದಿನ ಕಟ್ಕೋತೀರಿ, ಐದನೇ ದಿನ ಭಾರ ಅಂತ ಡ್ರಾಯರ್‌ನಲ್ಲಿ ಬಿಡ್ತೀರಿ. ಮಧ್ಯದ ಅಳತೆಯದು ನೋಡಿ. ಮೂರು ಬೆರಳೂ ಕೂರಬೇಕು, ಟ್ರಿಗರ್‌ಗೆ ಬೆರಳು ಕಷ್ಟಪಡದೆ ಮುಟ್ಟಬೇಕು. ಕೊಳ್ಳೋಕೆ ಮುಂಚೆ ಬಾಡಿಗೆಗೆ ತಗೊಂಡು ಶೂಟಿಂಗ್ ರೇಂಜ್‌ನಲ್ಲಿ ಹಾರಿಸಿ ನೋಡಿ. ಒರೆ ಗಟ್ಟಿಯಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಿರಬೇಕು."

ಆನಂದ ಮೂರು ವಾರ ಮೂರು ರೇಂಜ್‌ಗಳಿಗೆ ಅಲೆದ. ಯೂಟ್ಯೂಬ್ ನೋಡಿದ. ಹೆಣ್ಣು ನೋಡುವಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ ಎಂದು ಐಶ್ವರ್ಯಾ ಚುಚ್ಚಿದಳು. ಕೊನೆಗೆ ಕಂಪ್ಯಾಕ್ಟ್ ಅಳತೆಯದೊಂದು ಅವನ ಕೈಗೆ ಒಗ್ಗಿತು. ಅಂಗಡಿಗೂ ಆಯಿತು, ದಾರಿಗೂ ಆಯಿತು, ಮನೆಗೂ ಆಯಿತು ಎಂದು ಖುಷಿಪಟ್ಟ.

"ಸೊಂಟದಿಂದ ಬಿಚ್ಚಿದ ಮೇಲೆ ಎಲ್ಲಿಡ್ತೀರಿ?" ಎಂದು ವಿದ್ಯಾವತಿ ಕೇಳಿದರು.

"ಅಲ್ಮೇರಾ ಮ್ಯಾಲ್ರಿ. ನಮ್ಮ ಮಗಳು ಸಿಯಾಗ ಎಟಕಂಗಿಲ್ಲ."

"ಅವಳಿಗೆ ಏಳು ವರ್ಷ. ಕುರ್ಚಿ ಎಳ್ಕೊಳ್ಳೋದು ಗೊತ್ತಿರುತ್ತೆ. ಬೆರಳಿಟ್ಟರೆ ತೆರೆಯೋ ಬೀಗದ ಪೆಟ್ಟಿಗೆ ಬರುತ್ತೆ, ಮನೆಗೊಂದು, ಕಾರಿಗೊಂದು ತಗೊಳ್ಳಿ. ಇದು ನಿಮ್ಮ ಮೈಮೇಲೆ ಇರೋದಕ್ಕಿಂತ ಮೈಯಿಂದ ಇಳಿದಿರೋ ಹೊತ್ತೇ ಜಾಸ್ತಿ, ಆನಂದ್."

"ಆತ್ರಿ, ತಗೋತೇನ್ರಿ," ಎಂದ. ಪೆಟ್ಟಿಗೆಯನ್ನು ಫೋನಿನಲ್ಲಿ ಆರಿಸಿ ಕಾರ್ಟ್‌ಗೂ ಹಾಕಿದ. ಅದು ಎರಡು ತಿಂಗಳು ಕಾರ್ಟ್‌ನಲ್ಲೇ ಇತ್ತು.

ನವರಾತ್ರಿಗೆ ಹುಬ್ಬಳ್ಳಿಯಿಂದ ಆನಂದನ ತಾಯಿ ಸುಮಿತ್ರವ್ವ ಬಂದಿದ್ದರು. ಖಂಡೇನವಮಿಯ ದಿನ ಯೂಲೆಸ್ ಊರಿನ ಮಗನ ಮನೆಯಲ್ಲಿ, ಆಯುಧಪೂಜೆಗೆಂದು ದೇವರ ಮುಂದೆ ಮಣೆ ಹಾಕಿದರು. ಈಳಿಗೆ, ಚಾಕು, ಕತ್ತರಿ, ಆನಂದನ ಕಾರಿನ ಕೀಲಿ, ಐಶ್ವರ್ಯಾಳ ಲ್ಯಾಪ್‌ಟಾಪ್, ಸಿಯಾಳ ನೇರಳೆ ಬಣ್ಣದ ಸ್ಕೂಲ್ ಬ್ಯಾಗ್, ಎಲ್ಲವೂ ಸಾಲಾಗಿ ಕೂತವು. ಓದಬಾರದು ಎಂದು ಅಜ್ಜಿಯೇ ಅಪ್ಪಣೆ ಕೊಟ್ಟ ಮೇಲೆ ಸಿಯಾಳಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಇನ್ನೊಂದಿರಲಿಲ್ಲ.

"ಖರೇ ಆಯುಧ ಮನ್ಯಾಗ ಇಟ್ಕೊಂಡು ಬರೇ ಈಳಿಗಿ ಪೂಜಾ ಮಾಡೂದೇನೋ? ತಾ ಅದನ್ನ," ಎಂದರು ಸುಮಿತ್ರವ್ವ ಮಗನಿಗೆ.

ಆನಂದ ತಂದ. ಒರೆಗೆ ಕುಂಕುಮದ ಕಲೆ ಹತ್ತುತ್ತದೆ ಎಂದು ಪಿಸ್ತೂಲನ್ನು ಒರೆಯಿಂದ ತೆಗೆದು, ಹಾಗೇ ಮಣೆಯ ಮೇಲಿಟ್ಟ. ಐಶ್ವರ್ಯಾಳ ಮುಖ ನೋಡಿ, "ಗುಂಡಿನ ಮ್ಯಾಗಜಿನ್ ತಗದೇನಿ. ಖಾಲಿ ಅದ," ಎಂದ. ಅರಿಶಿನ, ಕುಂಕುಮ, ಚೆಂಡುಹೂವು ಏರಿದವು. ಸುಮಿತ್ರವ್ವ ಎಲ್ಲದರ ಮೇಲೆ ಹೊಸ ಖಣದ ಬಟ್ಟೆ ಹೊದಿಸಿದರು.

"ಅತ್ತಿ, ಪೂಜಾ ಆತಲ್ರಿ. ಇನ್ನ ಅದನ್ನ ಒಳಗ ಇಡೂಣ್ರಿ. ಕೂಸು ಓಡಾಡ್ತದ," ಎಂದಳು ಐಶ್ವರ್ಯಾ.

"ಪೂಜಾಕ್ಕ ಕುಂತದ್ದನ್ನ ನಾಳಿ ಮುಂಜಾನಿ ತನಕ ಎಬ್ಬಿಸಬಾರದವಾ. ನಾ ಇರ್ತೇನಲ್ಲ, ನೋಡ್ಕೋತೇನಿ."

ಐಶ್ವರ್ಯಾ ಸುಮ್ಮನಾದಳು. ಹಬ್ಬದ ದಿನ ಮಾತಿಗೆ ಮಾತು ಬೆಳೆಸುವುದು ಅವಳಿಗೆ ಬೇಡವಾಗಿತ್ತು.

ಮರುದಿನ ದಶಮಿ. ಇಲ್ಲಿನ ಶಾಲೆಗೆ ದಶಮಿಯ ರಜೆ ಎಲ್ಲಿಯದು? ಆನಂದ ಬೆಳಕು ಹರಿಯುವ ಮೊದಲೇ ದೇವರಿಗೆ ಕೈಮುಗಿದು, ಖಣದ ಅಂಚಿನಿಂದ ಕಾರಿನ ಕೀಲಿಯಷ್ಟನ್ನು ಎಳೆದುಕೊಂಡು, "ಅದನ್ನ ನೈವೇದ್ಯ ಆದಮ್ಯಾಲ ತಗೋತೇನಿ," ಎಂದು ಅಂಗಡಿಗೆ ಹೋದ. ಸುಮಿತ್ರವ್ವ ಸ್ನಾನಕ್ಕೆ ಹೋಗಿದ್ದರು. ಹೊತ್ತಾಯಿತೆಂದು ಐಶ್ವರ್ಯಾ ತಾನೇ ಮಣೆಗೆ ಅಕ್ಷತೆ ಹಾಕಿ, ಖಣದ ಒಂದು ತುದಿ ಎತ್ತಿ, ಬ್ಯಾಗ್ ತೆಗೆದು ಮಗಳ ಹೆಗಲಿಗೆ ಏರಿಸಿದಳು. ಬ್ಯಾಗ್ ಭಾರ ಅನ್ನಿಸಿತು. ಲೈಬ್ರರಿ ಪುಸ್ತಕವಿರಬೇಕು ಎಂದುಕೊಂಡಳು. ಶಾಲೆಯ ಮುಂದೆ ಕಾರುಗಳ ಸಾಲಿನಲ್ಲಿ ನಿಂತು, ಮಗಳನ್ನು ಇಳಿಸಿ, ಮನೆಗೆ ಬಂದು ಹಬ್ಬದಡುಗೆಗೆ ಬೇಳೆ ಹಾಕಿದಳು.

ಒಂಬತ್ತರ ಹೊತ್ತಿಗೆ ಮಣೆ ಎತ್ತೋಣವೆಂದು ಖಣ ಸರಿಸಿದಳು. ಈಳಿಗೆ ಇತ್ತು, ಕತ್ತರಿ ಇತ್ತು. ಪಿಸ್ತೂಲು ಇದ್ದ ಜಾಗದಲ್ಲಿ ಬಾಡಿದ ಹೂವು ಮಾತ್ರ ಇತ್ತು.

"ಅತ್ತಿ, ಅದೆಲ್ರಿ?"

ಸುಮಿತ್ರವ್ವ ಅಡುಗೆಮನೆಯಿಂದಲೇ ಹೇಳಿದರು. "ನಿನ್ನಿ ನೀ ಅಂಜಾಕತ್ತಿದ್ದೆಲ್ಲ? ಮಲಗೂ ಮುಂದ ಅದನ್ನ ಬಾಜೂಕ ಇದ್ದ ಬ್ಯಾಗಿನ್ಯಾಗ ಹಾಕಿ ಚೈನ್ ಎಳದೆ. ಮಣಿ ಬಿಟ್ಟು ಎಬ್ಬಿಸಿಲ್ಲ, ಕೂಸಿನ ಕಣ್ಣಿಗೂ ಬೀಳಂಗಿಲ್ಲ. ಯಾಕವಾ?"

"ಆ ಬ್ಯಾಗ್ ಸಿಯಾ ಸ್ಕೂಲಿಗೆ ಒಯ್ದಾಳ್ರಿ ಅತ್ತಿ," ಎಂದಳು ಐಶ್ವರ್ಯಾ. ಸುಮಿತ್ರವ್ವ ಹೊರಗೆ ಬಂದು ಮಣೆ ನೋಡಿದರು, ಬ್ಯಾಗ್ ಇದ್ದ ಜಾಗ ನೋಡಿದರು. ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

ಐಶ್ವರ್ಯಾ ಆನಂದನಿಗೆ ಫೋನ್ ಮಾಡಿದಳು. ಎಲ್ಲ ಕೇಳಿ ಅವನು ಪಿಸುಗುಟ್ಟಿದ. "ಸ್ಕೂಲಿಗೆ ಹೇಳಬ್ಯಾಡ. ನಾ ಬರ್ತೇನಿ. ಡಾಕ್ಟರ್ ಕಡೆ ಹೋಗೂದದ ಅಂತ ಹೇಳಿ ಸಿಯಾನ್ನ ಬ್ಯಾಗ್ ಸಮೇತ ಕರ್ಕೊಂಡು ಬರೂಣು. ಖಾಲಿ ಅದ ಐಶು, ಏನೂ ಆಗೂದಿಲ್ಲ. ಪೊಲೀಸ್ ಬಂದ್ರ ನಮ್ಮ ಅಂಗಡಿ, ಮರ್ಯಾದಿ, ಎಲ್ಲಾ ಹೋಗ್ತದ."

ಅವನು ಬರಲು ಅರ್ಧ ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಏಳು ವರ್ಷದ ಮಗು ಎಷ್ಟು ಸಲ ಬ್ಯಾಗ್ ತೆರೆಯುತ್ತದೆ? ಪೆನ್ಸಿಲ್‌ಗೊಮ್ಮೆ, ನೀರಿಗೊಮ್ಮೆ. ಐಶ್ವರ್ಯಾ ವಿದ್ಯಾವತಿಯ ನಂಬರ್ ಒತ್ತಿದಳು.

ವಿದ್ಯಾವತಿ ಪೂರ್ತಿ ಕೇಳಲೂ ಇಲ್ಲ. "ನನ್ನ ಫೋನ್ ಇಡು. ಈಗಲೇ ಸ್ಕೂಲ್ ಆಫೀಸಿಗೆ ಮಾಡು. ಮಗು ಹೆಸರು, ಕ್ಲಾಸ್, ಬ್ಯಾಗಿನ ಬಣ್ಣ, ಒಳಗೆ ಏನಿದೆ, ಇಷ್ಟೂ ಹೇಳು. ನೀನು ಹೋಗಿ ತೆಗೀಬೇಡ, ಮಗು ಕೈಲಿ ತರಿಸಬೇಡ."

"ಅವರ ಮ್ಯಾಲ ಕೇಸ್ ಆಗ್ತದ್ರಿ ಆಂಟಿ."

"ಆಗಬಹುದು. ಅದನ್ನ ಆಮೇಲೆ ನೋಡೋಣ. ಮೊದಲು ಮಕ್ಕಳು."

ಐಶ್ವರ್ಯಾ ಫೋನ್ ಮಾಡಿದಳು. ಹದಿನೈದು ವರ್ಷದಿಂದ ಆಡುತ್ತಿದ್ದ ಇಂಗ್ಲಿಷ್ ಅವತ್ತು ಬಾಯಿಗೆ ಬರಲೊಲ್ಲದು. ನನ್ನ ಮಗಳ ಬ್ಯಾಗಿನಲ್ಲಿ ಗನ್ ಇದೆ, ಅವಳಿಗೆ ಗೊತ್ತಿಲ್ಲ, ತಪ್ಪು ನಮ್ಮದು ಎಂದಳು. ಆಫೀಸಿನ ಹೆಂಗಸು ಶಾಂತವಾಗಿ ಬ್ಯಾಗಿನ ಗುರುತು ಕೇಳಿದಳು. ನೇರಳೆ ಬಣ್ಣ, ಮುಂದೆ ಅರಿಶಿನ ಕುಂಕುಮದ ಬೊಟ್ಟು ಇದೆ ಎಂದಳು ಐಶ್ವರ್ಯಾ.

ಐಶ್ವರ್ಯಾ ತಲುಪುವಷ್ಟರಲ್ಲಿ ಶಾಲೆಯ ಮುಂದೆ ಪೊಲೀಸ್ ಕಾರು ಬಂದು ನಿಂತಿತ್ತು. ಇವಳನ್ನು ಪಾರ್ಕಿಂಗ್‌ನಲ್ಲೇ ತಡೆದರು. ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಳು. ಎಲ್ಲಿ ಸದ್ದಾದರೂ ಬೆಚ್ಚುತ್ತಿದ್ದಳು. ಯಾರೋ ಕಾರಿನ ಬಾಗಿಲು ಹಾಕಿಕೊಂಡಾಗ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆನಂದ ಓಡುತ್ತ ಬಂದು ಪಕ್ಕದಲ್ಲಿ ನಿಂತಾಗಲೂ ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

ಕೊನೆಗೆ ಒಬ್ಬ ಅಧಿಕಾರಿ ಹೊರಗೆ ಬಂದ. ಮಕ್ಕಳೆಲ್ಲ ಕ್ಷೇಮ, ಬ್ಯಾಗ್ ಗೋಡೆಯ ಕೊಕ್ಕೆಗೆ ತೂಗುಹಾಕಿದ ಹಾಗೇ ಇತ್ತು ಎಂದ.

"ಅದು ಖಾಲಿ ಇತ್ತು ಸರ್. ಮ್ಯಾಗಜಿನ್ ನಾನೇ ತೆಗೆದಿದ್ದೆ," ಎಂದ ಆನಂದ ಇಂಗ್ಲಿಷಿನಲ್ಲಿ.

ಮ್ಯಾಗಜಿನ್ ಇರಲಿಲ್ಲ ನಿಜ, ಆದರೆ ನಳಿಗೆಯ ಬುಡದಲ್ಲಿ ಒಂದು ಗುಂಡು ಇತ್ತು, ಟ್ರಿಗರ್ ಒತ್ತಿದ್ದರೆ ಹಾರುತ್ತಿತ್ತು ಎಂದ ಅಧಿಕಾರಿ. ಆನಂದ ಪಾರ್ಕಿಂಗ್‌ನ ಅಂಚಿಗೆ ಹೋಗಿ ವಾಂತಿ ಮಾಡಿಕೊಂಡ.

ಸಂಜೆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಸಿಯಾ ಒಬ್ಬಳೇ ಒಬ್ಬಟ್ಟು ತಿನ್ನುತ್ತ, ಟೀಚರ್ ತನ್ನ ಬ್ಯಾಗ್ ಏಕೆ ವಾಪಸ್ ಕೊಡಲಿಲ್ಲ ಎಂದು ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ ಇನ್ನೇನೋ ಉದ್ದಕ್ಕೆ ಹೇಳಿದಳು. ಆನಂದ ಮುಖ ಮುಚ್ಚಿಕೊಂಡ.

"ಏನಂತಾಳ?" ಸುಮಿತ್ರವ್ವ ಕೇಳಿದರು.

ಐಶ್ವರ್ಯಾ ಹೇಳಿದಳು. "ಬ್ಯಾಗ್ ಭಾಳ ವಜ್ಜಿ ಇತ್ತಂತ್ರಿ ಅತ್ತಿ. ಅಜ್ಜಿ ನನಗ ಅಂತ ಮುಚ್ಚಿ ಕರದಂಟು ಇಟ್ಟಾಳ ಅಂದ್ಕೊಂಡಿದ್ಲಂತ. ಒಂಬತ್ತೂವರಿಗೆ ತಿಂಡಿ ಬಿಡುವು. ಆವಾಗ ಬಿಚ್ಚಿ ಗೆಳತ್ಯಾರಿಗೆಲ್ಲ ಹಂಚಬೇಕು ಅಂತ ಇದ್ಲಂತ."

ಐಶ್ವರ್ಯಾ ಶಾಲೆಗೆ ಫೋನ್ ಮಾಡಿದ್ದು ಒಂಬತ್ತು ಹದಿನೆಂಟಕ್ಕೆ.

ಸುಮಿತ್ರವ್ವ ಎದ್ದು ಬಂದು ಮೊಮ್ಮಗಳನ್ನು ತಬ್ಬಿಕೊಂಡು ಅತ್ತರು. "ನೀವು ಹೇಳಿದ್ದಕ್ಕ ನಾ ಇಟ್ಟೆ ಅನ್ನಂಗಿಲ್ಲ ಅವ್ವಾ, ಪೆಟಗಿ ತರಲಾರದ ತಪ್ಪು ನಂದು," ಎಂದ ಆನಂದ. ವಿಚಾರಣೆ ಇನ್ನೂ ಮುಗಿದಿಲ್ಲ. ಪಿಸ್ತೂಲು ಪೊಲೀಸರ ಬಳಿಯೇ ಇದೆ. ವಾಪಸ್ ಸಿಗುವುದೋ ಇಲ್ಲವೋ ಗೊತ್ತಿಲ್ಲ. ಆದರೂ ಆನಂದ ಆ ವಾರವೇ ಬೀಗದ ಪೆಟ್ಟಿಗೆ ತಂದು ಗೋಡೆಗೆ ಬಿಗಿಸಿದ. ಮತ್ತೆ ವಿದ್ಯಾವತಿಯ ತರಗತಿಗೆ ಹೋಗಿ, ಗನ್ ಖಾಲಿ ಮಾಡುವುದನ್ನು ಮೊದಲಿನಿಂದ ಕಲಿಯುತ್ತಿದ್ದಾನೆ. ಸುಮಿತ್ರವ್ವ ಊರಿಗೆ ಹೊರಡುವ ಮುನ್ನ ಒಂದೇ ಮಾತು ಹೇಳಿದರು. "ಬರೂ ವರ್ಷ ಪೂಜಾ ಮಾಡೂದಾದ್ರ ಪೆಟಗಿಗೇ ಕುಂಕುಮ ಹಚ್ಚೂಣು. ಬೀಗ ತಗೀಬ್ಯಾಡ್ರಿ."

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ನಮ್ಮ ಜನರೇ, ಗನ್ ಬೇಕೋ ಬೇಡವೋ ಎಂಬುದು ನಿಮ್ಮ ಮನೆಯ ಮಾತು. ವೀಸಾದ ಮೇಲೆ ಇರುವವರಿಗೆ, ಓದಲು ಬಂದವರಿಗೆ ಕಾನೂನು ಬೇರೆ. ಮುಟ್ಟುವ ಮೊದಲು ವಕೀಲರನ್ನು ಕೇಳಿ. ಕೊಳ್ಳುವುದಾದರೆ ಕೈಗೆ ಒಗ್ಗುವುದನ್ನು ಕೊಳ್ಳಿ, ಟ್ರಿಗರ್ ಮುಚ್ಚುವ ಒರೆ ಕೊಳ್ಳಿ, ಅದೇ ದಿನ ಬೀಗದ ಪೆಟ್ಟಿಗೆಯನ್ನೂ ಕೊಳ್ಳಿ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಖಾಲಿಯಾಗುವುದಿಲ್ಲ; ಒಳಗೆ ಕಣ್ಣಿಟ್ಟು ನೋಡಿ, ಬೆರಳಿಟ್ಟು ನೋಡಿ. ಹದಿನೇಳು ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ. ಊರಿನಿಂದ ಬಂದ ಹಿರಿಯರಿಗೆ ಮೊದಲ ದಿನವೇ ಕೂರಿಸಿಕೊಂಡು ಹೇಳಿ.

ನಿಮ್ಮ ಮನೆಯಲ್ಲಿ ಗನ್ ಇಲ್ಲವೇ? ನಿಮ್ಮ ಮಗು ಆಡಲು ಹೋಗುವ ಮನೆಯಲ್ಲಿ ಇರಬಹುದು. ನಾಯಿ ಇದೆಯೇ ಎಂದು ಕೇಳುತ್ತೀರಿ, ತಿಂಡಿಯಲ್ಲಿ ಶೇಂಗಾ ಹಾಕಿದ್ದೀರಾ ಎಂದು ಕೇಳುತ್ತೀರಿ. ಇದನ್ನೂ ಕೇಳಿ: ನಿಮ್ಮಲ್ಲಿ ಗನ್ ಇದೆಯೇ, ಬೀಗ ಹಾಕಿದ್ದೀರಾ? ಸಂಕೋಚವಾಗುತ್ತದೆ, ನಿಜ. ಐಶ್ವರ್ಯಾ ಕೂಡ ಸಂಕೋಚದಿಂದಲೇ ಸುಮ್ಮನಾಗಿದ್ದಳು.