ಗಾರೆಯ ಕೆಳಗಿನ ಗುಲಾಬಿ ಬಣ್ಣ

ಹೊಲಿಗೆ ಟೀಚರು ಮಿಷನ್ನಿನ ಹೊಟ್ಟೆಯೊಳಗೆ ಬೆರಳು ತೂರಿಸಿ ಮಸಿ ತೆಗೆಯುತ್ತಿದ್ದಳು. ಬಟ್ಟೆಯ ತುದಿಯನ್ನು ಎಣ್ಣೆಗೆ ಅದ್ದುವುದು, ಸಂದಿಗೊಂದಿ ಒರೆಸುವುದು, ಕಪ್ಪಾದ ತುದಿ ಮಡಚಿ ಮತ್ತೆ ಒರೆಸುವುದು. ಕೆಳಗಿನ ಹಾಸಿಗೆ ಗೋದಾಮಿಗೆ ಬೆಂಕಿ ಬಿದ್ದು ತಿಂಗಳಾಗುತ್ತ ಬಂದಿತ್ತು. ಮಹಡಿಯ ಮೇಲಿನ ಅವಳ ಕ್ಲಾಸಿನಲ್ಲಿ ಇನ್ನೂ ಎಲ್ಲಿ ಮುಟ್ಟಿದರೂ ಕೈ ಕಪ್ಪು. ಸೋಮವಾರ ಬಾಗಿಲು ತೆರೆಯಲೇಬೇಕು. ಕಲಿಯುವವರು ಆಗಲೇ ಬೇರೆ ಕ್ಲಾಸುಗಳನ್ನು ವಿಚಾರಿಸುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದಿತ್ತು.

"ಅತ್ತಿಗೆ, ಕಾಗದಕ್ಕೆ ಸಹಿ ಹಾಕಿದ್ರಾ?"

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ತೀರಿಹೋದ ಗಂಡನ ಕೊನೆಯ ತಂಗಿ, ಕಟ್ಟಡಗಳ ಎಂಜಿನಿಯರು.

"ಬಂದ್ಯಾ ತಾಯಿ! ಚಪ್ಪಲಿ ಬಿಡೋಕೂ ಪುರುಸೊತ್ತಿಲ್ವಲ್ಲ ನಿಂಗೆ."

ಆ ಕಾಗದವನ್ನು ಬೆಂಕಿ ಆರಿದ ವಾರದಲ್ಲೇ ನಾದಿನಿ ಬರೆದುಕೊಟ್ಟಿದ್ದಳು. ನಗರದ ಕಟ್ಟಡ ಕಚೇರಿಯವರು ಬಂದು ಪರೀಕ್ಷೆ ಮಾಡಲಿ, ಅಲ್ಲಿಯವರೆಗೆ ಕಟ್ಟಡಕ್ಕೆ ಬೀಗ ಹಾಕಲಿ ಎಂದು. ಒಳಗಿರುವವರೇ ಸಹಿ ಮಾಡಿ ಕಳಿಸದ ಹೊರತು ಆ ಕಚೇರಿಯವರು ಕುಳಿತ ಜಾಗ ಬಿಟ್ಟು ಏಳುವವರಲ್ಲ. ಆದರೆ ಒಮ್ಮೆ ಬೀಗ ಬಿದ್ದರೆ ತೆಗೆಯುವುದು ಯಾವ ಕಾಲಕ್ಕೋ? ಗಂಡ ಹೋದ ಮೇಲೆ ಒಂದು ಹಳೇ ಮಿಷನ್ನು ಇಟ್ಟುಕೊಂಡು ಶುರುಮಾಡಿದ ಕ್ಲಾಸು. ಅದೇ ಅವಳ ಹೊಟ್ಟೆಪಾಡು, ಅದೇ ಅವಳ ಮಾನ. ಇವತ್ತು ನಾಳೆ ಎನ್ನುತ್ತ ಕಾಗದ ಅವಳ ಕೈಚೀಲದಲ್ಲೇ ಮುದುಡುತ್ತಿತ್ತು.

"ನೋಡೇ, ಬೆಂಕಿ ಸುಟ್ಟಿದ್ದು ಹತ್ತೀನ. ಕಾಂಕ್ರೀಟೇನು ಸೌದೇನಾ ಉರಿಯೋಕೆ? ಮಾಲೀಕರು ಮೇಸ್ತ್ರೀನ ಕಳಿಸಿ ಕೆಳಗಿನ ತೊಲೆಗೆಲ್ಲ ಗಾರೆ ಬಳಿಸಿದಾರೆ. ಹೊಸದಕ್ಕಿಂತ ಹೊಸದಾಗಿದೆ."

"ಗಾರೆ ಬಳಿದ್ಬಿಟ್ರಾ? ಯಾರನ್ನ ಕೇಳಿ?"

"ನಿನ್ನನ್ನ ಕೇಳಿದ್ರೆ ಆಗ್ತಿತ್ತು ಕೆಲಸ! ಕೂರೋಕೆ ಕುರ್ಚಿ ಕೊಟ್ರೆ ಅದನ್ನೂ ಅಲ್ಲಾಡಿಸಿ ನೋಡೋಳು ನೀನು."

ನಾದಿನಿ ನಗಲಿಲ್ಲ. ಮೇಜಿನಿಂದ ಒಂದು ದಾರದ ರೀಲು ತೆಗೆದು ಗೋಡೆಯ ಪಕ್ಕ ನೆಲದ ಮೇಲಿಟ್ಟಳು. ಅದು ಒಂದು ಕ್ಷಣ ಯೋಚಿಸಿದಂತೆ ನಿಂತು, ಮೆಲ್ಲಗೆ ಉರುಳುತ್ತ ಕೋಣೆಯ ನಡುವಿಗೆ ಹೋಯಿತು. ಎದುರು ಗೋಡೆಯ ಪಕ್ಕ ಇನ್ನೊಂದನ್ನಿಟ್ಟಳು. ಅದೂ ನಡುವಿಗೇ ಬಂತು. ಎರಡೂ ಟಕ್ಕೆಂದು ತಾಗಿ ನಿಂತವು.

"ಈ ನೆಲ ಮೊದಲಿಂದ್ಲೂ ಹಂಗೇನೇ," ಎಂದಳು ಟೀಚರು.

"ಹಂಗಾದ್ರೆ ಮೊದ್ಲು ರೀಲು ಬಿದ್ರೆ ಎಲ್ಲಿ ಹುಡುಕ್ತಿದ್ರಿ ಅತ್ತಿಗೆ?"

"ಎಲ್ಲಿ ಅಂದ್ರೆ, ಬಿದ್ದಲ್ಲೇ..." ಟೀಚರು ನಡುವೆ ನಿಂತ ರೀಲುಗಳನ್ನು ನೋಡಿದಳು. ನಾದಿನಿಯ ಹಿಂದೆಯೇ ಮೆಟ್ಟಿಲಿಳಿದಳು.

ಕೆಳಗೆ ಗೋದಾಮಿನಲ್ಲಿ ಮೇಸ್ತ್ರಿ ಬಕೆಟ್ಟಿನಲ್ಲಿ ಕರಣೆ ತೊಳೆಯುತ್ತಿದ್ದ. ತಲೆಯ ಮೇಲೆ ತೊಲೆ ನುಣ್ಣಗೆ, ಬೂದು ಬಣ್ಣದಲ್ಲಿ, ಪೌಡರು ಹಚ್ಚಿದಂತೆ ಕಾಣುತ್ತಿತ್ತು.

"ಹೆಂಗಿದೆ ಟೀಚರಮ್ಮ ನಮ್ಮ ಕೈಗುಣ? ನನ್ನ ಮುಖಕ್ಕೂ ಹಿಂಗೇ ಬಳಿಯೋರಿದ್ದಿದ್ರೆ ಇನ್ನೊಂದು ಮದುವೆ ಆಗ್ಬಹುದಿತ್ತು."

"ಒಂದು ಏಟು ಹೊಡೀರಿ ಮೇಸ್ತ್ರಿ. ಅತ್ತಿಗೆ, ನೀವು ಗೋಡೆ ಕಡೆ ಬನ್ನಿ," ಎಂದಳು ನಾದಿನಿ.

"ಅಯ್ಯೋ, ಹಸಿ ಗಾರೆ ಕಣಮ್ಮ."

"ಹೊಡೀರಿ ಅಂದ್ನಲ್ಲ."

ಅವನು ಗೊಣಗುತ್ತ ಏಣಿ ಹತ್ತಿ ಸುತ್ತಿಗೆಯಿಂದ ತಟ್ಟಿದ. ಒಡಕು ಮಡಕೆಯ ಸದ್ದು. ಇನ್ನೊಮ್ಮೆ ತಟ್ಟಿದ್ದೇ ತಡ, ಬಾಗಿಲಗಲದ ಗಾರೆಯ ಚಕ್ಕೆ ಧೊಪ್ಪನೆ ಕಳಚಿ ಟೀಚರು ಆಗಷ್ಟೇ ನಿಂತಿದ್ದ ಜಾಗಕ್ಕೆ ಬಿತ್ತು. ಧೂಳು ಮೆಲ್ಲಗೆ ಇಳಿಯಿತು.

ಗಾರೆಯ ಹಿಂದೆ ಕಾಂಕ್ರೀಟು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ತೊಲೆಯ ತಳವೆಲ್ಲ ತಿಂದುಹಾಕಿದಂತೆ ಬರಿದು. ಸರಳುಗಳು ಎಲುಬಿನ ಹಾಗೆ ಹೊರಗಿದ್ದವು. ಒಂದು ಮಾತ್ರ ಸಡಿಲವಾದ ದಾರದಂತೆ ಕೆಳಗೆ ಜೋತಿತ್ತು. ನಾದಿನಿಯೇ ಎರಡು ಹೆಜ್ಜೆ ಹಿಂದೆ ಸರಿದಳು. ಬಿರುಕು ಇರಬಹುದೆಂದುಕೊಂಡಿದ್ದವಳು ಇದನ್ನು ನೆನೆಸಿರಲಿಲ್ಲ.

"ಈ ಬಣ್ಣ ಹಳೇ ಪೇಂಟು ಅಂದ್ಕೊಂಡಿದ್ದೆ," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಸರಳು ಕಾಣ್ತಿತ್ತು ಕಣಮ್ಮ. ಮುಚ್ಚಿದ್ರೆ ತುಕ್ಕು ಹಿಡಿಯಲ್ವಲ್ಲಾ ಅಂತ ಮುಚ್ದೆ."

"ಕಾಂಕ್ರೀಟು ಒಳಗಂಟ ಬೆಂದ್ರೆ ಬರೋ ಬಣ್ಣ ಅದು. ಅತ್ತಿಗೆ, ತೊಲೆ ಮೇಲೆ ಭಾರ ಬಿದ್ರೆ ತಳ ಹಿಗ್ಗೋಕೆ ನೋಡುತ್ತೆ. ಹಿಗ್ಗದಂಗೆ ಹಿಡ್ಕೊಳ್ಳೋದು ಈ ಸರಳು, ನೀವು ಕಂಕುಳ ಹತ್ರ ಹಾಕೋ ಗಟ್ಟಿ ಹೊಲಿಗೆ ಇದ್ದಂಗೆ. ಸರಳಿಗೆ ಬೆಂಕಿ ತಾಗದಂಗೆ ಸುತ್ತ ಕಾಂಕ್ರೀಟು. ಅದು ಸಿಡಿದು ಬಿದ್ರೆ ಸರಳು ಕಾದು ಮೆತ್ತಗಾಗುತ್ತೆ, ತೊಲೆ ಜೋಲುತ್ತೆ. ಆಮೇಲೆ ಎಷ್ಟು ಆರಿದ್ರೂ ಜೋತಿದ್ದು ಮೇಲೇಳಲ್ಲ."

"ಸಿಡಿದು ಬಿದ್ರೆ..." ಟೀಚರಿಗೆ ಆ ದಿನದ ಸದ್ದು ಕಿವಿಯಲ್ಲಿ ಮೊಳಗಿತು. ಬೀದಿಯಲ್ಲಿ ನಿಂತು ನೋಡುವಾಗ ಒಳಗಿನಿಂದ ಢಬ್, ಢಬ್ ಎಂದು ಕೇಳಿತ್ತು. "ಡಬ್ಬ ಒಡೀತಿವೆ ಅಂದ್ಕೊಂಡಿದ್ನಲ್ಲೇ ನಾನು!"

"ಹಾಸಿಗೆ ಗೋದಾಮಲ್ಲಿ ಡಬ್ಬ ಎಲ್ಲಿಂದ ಬರ್ಬೇಕು ಅತ್ತಿಗೆ? ಕಾಂಕ್ರೀಟಿನ ಒಳಗಿನ ತೇವ ಆವಿಯಾಗಿ ಒದ್ದಿದೆ. ಒಡೆದಿದ್ದು ಇದೇ."

ಟೀಚರು ತಲೆಯೆತ್ತಿ ನೋಡಿದಳು. ಆ ಜೋತ ಸರಳಿನ ನೇರ ಮೇಲೆ ಅವಳ ಕ್ಲಾಸಿನ ನಡುಭಾಗ. ನಿನ್ನೆ ತಾನೇ ಸಮವಸ್ತ್ರದ ಆರ್ಡರು ಮುಗಿಸಲೆಂದು ದೊಡ್ಡ ಬ್ಯಾಚಿನವರನ್ನು ಗುಟ್ಟಾಗಿ ಕರೆಸಿದ್ದಳು. ಎಲ್ಲ ಮಿಷನ್ನೂ ಒಟ್ಟಿಗೆ ಓಡಿದ್ದವು. ಕಿಟಕಿ ಗಾಜು ನಡುಗುತ್ತಿತ್ತು. ಒಬ್ಬಳು ಬಸುರಿ, ಕಾಲು ಊದಿದೆಯೆಂದು ಅವಳನ್ನು ಫ್ಯಾನಿನ ಕೆಳಗೆ, ಸರಿಯಾಗಿ ನಡುವಿನಲ್ಲಿ, ಟೀಚರೇ ಕೈಹಿಡಿದು ಕೂರಿಸಿದ್ದಳು.

ಗೋಡೆ ಹಿಡಿದು ಕುಕ್ಕರುಬಡಿದಳು.

"ಅತ್ತಿಗೆ! ಏನಾಯ್ತು?"

"ನಿನ್ನೆ ಕ್ಲಾಸು ನಡೆಸ್ದೆ ಕಣೇ. ಎಲ್ರೂ ಇದ್ರು."

ನಾದಿನಿ ಬೈಯಲಿಲ್ಲ, ತೋಳು ಹಿಡಿದು ಎಬ್ಬಿಸಿದಳು. ಬೈದಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂವರೂ ಬೀದಿಗೆ ಬಂದರು. ನಾದಿನಿ ಮೆಟ್ಟಿಲಿನ ಬಾಗಿಲು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಟೀಚರು ಕೈಚೀಲದಿಂದ ಕಾಗದ ತೆಗೆದಳು. ಬರೆಯಲು ಆಸರೆಯಿಲ್ಲದೆ ಮೇಸ್ತ್ರಿಯ ಸ್ಕೂಟರಿನ ಸೀಟಿನ ಮೇಲೆಯೇ ಹರಡಿ, ಇಡೀ ಹೆಸರು ಬರೆದಳು.

"ನಿಮ್ಮ ಮಿಷನ್ನುಗಳು?" ಎಂದ ಮೇಸ್ತ್ರಿ.

"ಮೇಲೇ ಇರ್ಲಿ ಬಿಡಿ. ಯಾರೂ ಹತ್ತೋದು ಬೇಡ."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಚಾಚಿದ. "ಕೊಡಿ ಟೀಚರಮ್ಮ. ಬಳಿದೋನು ನಾನು, ಒಯ್ಯೋದೂ ನಾನೇ. ಮಾಲೀಕರು ಏನಾದ್ರೂ ಅಂದ್ಕೊಳ್ಳಲಿ."

"ಕಚೇರಿಯೋರ ಕೈಗೇ ಕೊಡ್ಬೇಕು ಮೇಸ್ತ್ರಿ," ಎಂದಳು ನಾದಿನಿ. " ಟೇಬಲ್ ಮೇಲಿಟ್ಟು ಬರ್ಬೇಡಿ. ತಲುಪ್ತು ಅಂತ ಮುದ್ರೆ ಒತ್ತಿಸ್ಕೊಂಡು ಬನ್ನಿ."

ಅವನು ಕಾಗದವನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡ. ಸ್ಕೂಟರು ಕೆಮ್ಮಿ ಕೆಮ್ಮಿ ಶುರುವಾಗಿ ಬೀದಿಯ ತಿರುವಿನಲ್ಲಿ ಮರೆಯಾಯಿತು.